ಕಾಯಿಲಕ್ಕ ಕೈ ಕಟ್ಟಿ ನಿಂತದ್ದು

ಸುಟ್ಟ ಮೋಟಾರುಗಳಿಂದಲೇ ಹೊಟ್ಟೆ ಹೊರೆಯುವವರು ಊರಿನ ಮೋಟಾರುಗಳೆಲ್ಲ ಸುಡಲಿ ಎಂದು ಹಾರೈಸಬೇಕಪ್ಪಾ, ಅದು ನ್ಯಾಯ. ಕಾಯಿಲಕ್ಕನದು ಉಲ್ಟಾ ಕಥೆ. ಗಂಡನ ಜೊತೆ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡು, ಪಂಪು, ಮಿಕ್ಸಿ, ಫ್ಯಾನುಗಳ ಸುಟ್ಟ ತಂತಿ ಕಿತ್ತು ಹೊಸ ತಾಮ್ರದ ಕಾಯಿಲು ಸುತ್ತುತ್ತಿದ್ದಳು. ಹೆಸರು ಬಂದದ್ದೂ ಅದರಿಂದಲೇ. ಅಷ್ಟು ಮಾಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಬಂದ ಗಿರಾಕಿಯನ್ನು ಕೂರಿಸಿಕೊಂಡು, ಅದು ಮತ್ತೆ ಸುಡದ ಹಾಗೆ ಏನು ಮಾಡಬೇಕೆಂದು ಪಾಠ ಬೇರೆ ಹೇಳುತ್ತಿದ್ದಳು.

"ಪ್ಲಗ್ಗು ಬಿಸಿ ಆಗ್ತಿದೆಯಾ? ಹಾಗಾದ್ರೆ ಒಳಗೆ ಸ್ಕ್ರೂ ಸಡಿಲ ಆಗಿದೆ, ಬಿಗಿ ಮಾಡಿಸಿ. ಗುಡುಗು ಶುರುವಾಗೋಕೆ ಮುಂಚೆನೇ ಪ್ಲಗ್ ಕಿತ್ತಿಡಿ, ಬರೀ ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಒಂದೇ ಪ್ಲಗ್ಗಿಗೆ ನಾಲ್ಕು ವೈರು ಸಿಕ್ಕಿಸ್ಬೇಡಿ, ಅದೇನು ದನ ಕಟ್ಟೋ ಗೂಟಾನಾ?"

ಗಿರಾಕಿ ಹೋದ ಮೇಲೆ ಗಂಡ ಹಣೆ ಚಚ್ಚಿಕೊಳ್ಳುತ್ತಿದ್ದ. "ಹೀಗೇ ಹೇಳ್ತಾ ಹೋಗು. ನಾಳೆಯಿಂದ ಇಬ್ರೂ ಕೂತು ನೊಣ ಹೊಡೆಯೋಣ."

ಇನ್ನು ಅವಳ ಮೂಗು! ಬೀದಿಯ ಯಾವ ಮೂಲೆಯಲ್ಲಿ ವೈರು ಸುಟ್ಟರೂ ವಾಸನೆ ಮೊದಲು ಅವಳಿಗೇ ಬಡಿಯುತ್ತಿತ್ತು. ಬಡಿದದ್ದೇ ತಡ, ಯಾರ ಮನೆ, ಏನು, ಎತ್ತ ಎಂದು ನೋಡದೆ ಒಳಗೆ ನುಗ್ಗಿ ಮೇನ್ ಸ್ವಿಚ್ ಆಫ್ ಮಾಡಿಬಿಡುವಳು. ಎಷ್ಟೋ ಸಲ ಬೋರ್ಡು ನಿಜವಾಗಿಯೂ ಹೊಗೆಯಾಡುತ್ತಿರುತ್ತಿತ್ತು, ಆಗ ಜನ ಕೈಮುಗಿಯುತ್ತಿದ್ದರು. ಕೆಲವು ಸಲ ಅದು ಯಾರದೋ ಒಲೆಯ ಮೇಲೆ ಸೀದ ಹಾಲಾಗಿರುತ್ತಿತ್ತು.

ಒಂದು ಪಾತ್ರೆ ಸೀದ ಹಾಲೇ ತಂಗಿಯನ್ನು ಅವಳಿಂದ ದೂರ ಮಾಡಿತು. ತಂಗಿ ಅದೇ ಬೀದಿಯ ತುದಿಯ ಬಾಡಿಗೆ ಮನೆಯಲ್ಲಿ, ಮೊಟ್ಟೆಗಳಿಗೆ ಕಾವು ಕೊಡುವ ಯಂತ್ರ ಇಟ್ಟು ಕೋಳಿಮರಿ ಮಾಡಿಸುವ ಕೆಲಸ ಆಗಷ್ಟೇ ಶುರು ಮಾಡಿದ್ದಳು. ಒಂದು ಮಧ್ಯಾಹ್ನ, ನಿದ್ದೆಗೆಟ್ಟು ಸುಸ್ತಾಗಿ ಅವಳು ಒಳಕೋಣೆಯಲ್ಲಿ ಮಲಗಿದ್ದಾಗ ಅಕ್ಕ ವಾಸನೆ ಹಿಡಿದು ಬಂದಳು, ಮೇನ್ ಎಳೆದಳು, ವಾಸನೆ ಇಲ್ಲಿಯದಲ್ಲ ಎಂದು ತಿಳಿದದ್ದೇ ಪಕ್ಕದ ಮನೆಗೆ ಓಡಿದಳು. ಅಲ್ಲಿ ಕರಕಲಾದ ಪಾತ್ರೆ ನೋಡಿ, ಆ ಮನೆಯವರ ಜೊತೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಅಂಗಡಿಗೆ ವಾಪಸಾದಳು. ತಂಗಿಯ ಮನೆಯ ಮೇನ್ ಮತ್ತೆ ಹಾಕುವುದನ್ನೇ ಮರೆತಿದ್ದಳು, ಮಹಾತಾಯಿ! ಸಂಜೆ ತಂಗಿ ಎದ್ದಾಗ ಮೊಟ್ಟೆಗಳು ಕಲ್ಲಿನಂತೆ ತಣ್ಣಗಿದ್ದವು.

ತಂಗಿ ಕೂಗಾಡಲಿಲ್ಲ. "ಇನ್ಮೇಲೆ ಇಲ್ಲಿಗೆ ಬರ್ಬೇಡ" ಅಂದಳು, ಅಷ್ಟೇ. ಕೂಗಾಡಿದ್ದರೇ ಎಷ್ಟೋ ವಾಸಿಯಿತ್ತು ಎಂದು ಅಕ್ಕ ಒಳಗೊಳಗೇ ಬೆಂದಳು. ವೋಲ್ಟೇಜ್ ಏರಿದರೆ ತಾನೇ ಕರೆಂಟು ಕತ್ತರಿಸುವ ಡಬ್ಬಿಯೊಂದನ್ನು ಗಂಡನ ಕೈಯಲ್ಲಿ ಕಳಿಸಿದಳು. ಅದು ಹೋದ ಹಾಗೆಯೇ ವಾಪಸು ಬಂತು, ಜೊತೆಗೊಂದು ಮಾತೂ ಬಂತು. "ಭಾವ, ಇನ್ನೊಂದು ಸಲ ಮೊಟ್ಟೆ ಇಟ್ಟಿದ್ದೀನಿ. ಇದೂ ಹೋದ್ರೆ ಯಂತ್ರ ಮಾರಿಬಿಡ್ತೀನಿ."

ಆ ಮೊಟ್ಟೆಗಳು ಒಡೆದು ಮರಿಯಾಗಬೇಕಾದ ದಿನ ಬೆಳಗ್ಗೆ ಕಾಯಿಲಕ್ಕ ಅಂಗಡಿಯಲ್ಲಿ ತಂತಿ ಸುತ್ತುತ್ತಿದ್ದಳು. ಇದ್ದಕ್ಕಿದ್ದಂತೆ ತಲೆಯ ಮೇಲಿನ ಬಲ್ಬು ಮಂಕಾಯಿತು, ಫ್ಯಾನು ತೂಕಡಿಸತೊಡಗಿತು.

"ಕರೆಂಟು ಕಮ್ಮಿ ಆಗಿದೆ, ಬಿಡು" ಅಂದ ಗಂಡ.

ಬಿಡುವವಳೇ ಅವಳು? ಬಾಗಿಲಿಗೆ ಹಾರಿ ಎದುರಿನ ಕ್ಷೌರದ ಅಂಗಡಿಯತ್ತ ನೋಡಿದಳು. ಅಲ್ಲಿ ಕನ್ನಡಿಯ ಮೇಲಿನ ಬಲ್ಬು ಕಣ್ಣು ಕುಕ್ಕುವ ಹಾಗೆ ಉರಿಯುತ್ತಿತ್ತು.

"ರೀ, ಕಂಬದ ಮೇಲೆ ನ್ಯೂಟ್ರಲ್ ತಂತಿ ಕಳಚಿದೆ! ನಮ್ಗೆ ಕಮ್ಮಿ ಆಗಿದೆ ಅಂದ್ರೆ ಎದುರು ಸಾಲಿನವ್ರಿಗೆ ಏರಿಬಿಟ್ಟಿದೆ! ಲೈನ್‌ಮ್ಯಾನಿಗೆ ಫೋನ್ ಮಾಡಿ, ಎಲ್ರಿಗೂ ಮೇನ್ ಆಫ್ ಮಾಡೋಕೆ ಹೇಳಿ!"

ತಂಗಿಯ ಮನೆ ಇದ್ದದ್ದು ಅದೇ ಸಾಲಿನಲ್ಲಿ. ಕಾಯಿಲಕ್ಕ ಕೊರಳಿಗೆ ತಾಮ್ರದ ತಂತಿ ಸುತ್ತಿಕೊಂಡಿದ್ದ ಹಾಗೆಯೇ ಬೀದಿಗೆ ಬಿದ್ದು ಓಡಿದಳು. "ಮೇನ್ ಆಫ್ ಮಾಡ್ರೀ!" ಎಂದು ಗಂಟಲು ಹರಿಯುವಂತೆ ಕಿರುಚಿದಳು. "ಶುರುವಾಯ್ತಪ್ಪಾ ಇವಳದು" ಎಂದು ಒಬ್ಬ ನಕ್ಕ. ಅವನ ನಗು ಮುಗಿಯುವ ಮೊದಲೇ ಅವನ ಟೀವಿ ಢಂ ಎಂದಿತು. ಆಮೇಲೆ ನೋಡಬೇಕಿತ್ತು, ಮನೆ ಮನೆಯಲ್ಲೂ ಜನ ಮೇನ್ ಕಡೆಗೆ ಬಿದ್ದು ಎದ್ದು ಓಡಿದರು.

ತಂಗಿಯ ಮನೆಯ ಬಾಗಿಲು ತೆರೆದಿತ್ತು. ಯಂತ್ರದ ಫ್ಯಾನು ಜೋರಾಗಿ ಕಿರುಗುಟ್ಟುತ್ತಿತ್ತು. ಗಾಜಿನೊಳಗೆ ಮೊಟ್ಟೆಗಳು ಬಿರುಕು ಬಿಟ್ಟಿದ್ದವು, ಒಂದೆರಡರಿಂದ ಕೊಕ್ಕೂ ಇಣುಕುತ್ತಿತ್ತು. ಅಕ್ಕನನ್ನು ಕಂಡದ್ದೇ ತಂಗಿ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತಳು.

"ಹತ್ರ ಬಂದ್ರೆ ನೋಡು ಅಕ್ಕಾ! ಇವತ್ತು ಬೇಡ. ಕೈಮುಗೀತೀನಿ, ಇವತ್ತೊಂದು ದಿನ ಬೇಡ."

ಕಾಯಿಲಕ್ಕನ ಕೈ ಆಗಲೇ ಮುಂದೆ ಹೋಗಿತ್ತು. ತಂಗಿಯನ್ನು ಪಕ್ಕಕ್ಕೆ ತಳ್ಳುವುದು ಅವಳಿಗೆ ಎಷ್ಟರ ಮಾತು? ಆದರೆ ಆ ಮುಖ ನೋಡಿ ಕೈ ತಾನಾಗಿ ಹಿಂದೆ ಬಂತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತುಬಿಟ್ಟಳು. ಅವಳ ಜೀವಮಾನದಲ್ಲೇ ಅಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ.

"ನಾನು ಮುಟ್ಟಲ್ಲ ಕಣೇ. ನೀನೇ ನೋಡು, ಬಲ್ಬು ಹೇಗೆ ಉರೀತಿದೆ. ಫ್ಯಾನ್ ಸದ್ದು ಕೇಳು. ಇನ್ನು ಸ್ವಲ್ಪ ಹೊತ್ತು ಹೀಗೇ ಬಿಟ್ರೆ ಯಂತ್ರ ಸುಟ್ಟೋಗುತ್ತೆ, ಮರಿಗಳೂ ಬೇಯ್ತವೆ. ಆಫ್ ಮಾಡಿದ್ರೆ ಕಾವು ನಾವು ಕೊಡ್ಬಹುದು. ನಿನ್ನ ಯಂತ್ರ, ನೀನೇ ಹೇಳು."

ತಂಗಿ ಬಲ್ಬು ನೋಡಿದಳು, ಯಂತ್ರಕ್ಕೆ ಕಿವಿಗೊಟ್ಟಳು, ಕೊನೆಗೆ ಬೆನ್ನ ಹಿಂದೆ ಕೈ ಕಟ್ಟಿ ನಿಂತ ಅಕ್ಕನನ್ನು ನೋಡಿದಳು. ತಿರುಗಿ ತಾನೇ ಮೇನ್ ಎಳೆದಳು.

ಆಮೇಲೆ ಆ ಮನೆಯಲ್ಲಿ ನಡೆದ ಗಡಿಬಿಡಿ ಏನು ಕೇಳುತ್ತೀರಿ! ಒಲೆಯ ಮೇಲೆ ನೀರು ಕುದಿಯಿತು. ಬಿಸಿನೀರು ತುಂಬಿದ ಬಾಟಲಿಗಳಿಗೆ ಹಳೇ ಬಟ್ಟೆ ಸುತ್ತಿ ಯಂತ್ರದೊಳಗೆ ಇಟ್ಟರು, ಮೇಲೆ ಮನೆಯ ಕಂಬಳಿಗಳನ್ನೆಲ್ಲ ಹೊದಿಸಿದರು. ಇಬ್ಬರೂ ಕಿವಿ ಹಚ್ಚಿದರು. ಒಳಗಿನಿಂದ ಚಿಂವ್ ಎಂಬ ಸದ್ದು ಬಂದಾಗ ತಂಗಿ ಅಕ್ಕನ ರಟ್ಟೆಯನ್ನು ಉಗುರು ನಾಟುವಷ್ಟು ಬಿಗಿಯಾಗಿ ಹಿಡಿದಳು.

ಲೈನ್‌ಮ್ಯಾನ್ ಕಂಬ ಹತ್ತಿ ತಂತಿ ಬಿಗಿದು ಇಳಿದ. ಗಂಡ ಅಂಗಡಿಯಿಂದ ವೋಲ್ಟೇಜ್ ಮೀಟರು ತಂದುಕೊಟ್ಟ. ಅಕ್ಕ ಅಳೆದು ನೋಡಿ "ಸರಿಯಾಗಿದೆ" ಎಂದು ದೂರ ಸರಿದಳು. ತಂಗಿ ಮೇನ್ ಹಾಕಿದಳು, ಯಂತ್ರ ಹಿತವಾಗಿ ಗುಂಯ್‌ಗುಟ್ಟಿತು. ಕಂಬಳಿ ಸರಿಸಿದರೆ ಒದ್ದೆ ಮರಿಯೊಂದು ಚಿಪ್ಪಿನ ಪಕ್ಕದಲ್ಲಿ ಬಿದ್ದುಕೊಂಡು, ಏಳಲು ನೋಡಿ ಮತ್ತೆ ಬೀಳುತ್ತಿತ್ತು. ಅದರ ಹಿಂದೆ ಇನ್ನೊಂದು ಚಿಪ್ಪು ಅಲುಗಾಡುತ್ತಿತ್ತು. ಕಾಯಿಲಕ್ಕ ಖುಷಿ ತಾಳಲಾರದೆ ಗಂಡನ ಬೆನ್ನಿಗೆ ಗುದ್ದಿದಳು.

ತಂಗಿ ಗಾಜಿನಿಂದ ಕಣ್ಣು ಕೀಳದೆ ಮೆಲ್ಲಗೆ ಅಂದಳು. "ಆವತ್ತೂ ನನ್ನನ್ನ ಎಬ್ಬಿಸಿದ್ರೆ ಸಾಕಿತ್ತು ಅಕ್ಕಾ."

ಬೀದಿಗೆಲ್ಲ ಪಾಠ ಹೇಳುತ್ತಿದ್ದ ಕಾಯಿಲಕ್ಕ ಪಾಠ ಕೇಳಿದ ಮಗುವಿನಂತೆ ತಲೆಯಾಡಿಸಿದಳು. ತಂಗಿ ಸ್ವಲ್ಪ ಸರಿದು, ಗಾಜಿನ ಮುಂದೆ ಅವಳಿಗೂ ಜಾಗ ಮಾಡಿಕೊಟ್ಟಳು.