ಎತ್ತದ ಬಿಳಿ ಬಟ್ಟೆ

ಮೇಸ್ತ್ರಿ ನರಸಿಂಹಯ್ಯ ಬಂದು, ಹೊಂಗೆ ಮರದ ಕೆಳಗೆ ಮಾರ್ತಮ್ಮ ಕೂತಿದ್ದ ಚಪ್ಪಡಿಯ ಮೇಲೆಯೇ ಕೂತ. ಇಷ್ಟು ವರ್ಷದಲ್ಲಿ ಆತ ಹಾಗೆ ಕೂತದ್ದಿಲ್ಲ. ಹೇಳುವುದೇನಿದ್ದರೂ ನಡೆಯುತ್ತಲೇ ಹೇಳಿ ಮುಂದೆ ಹೋಗುವವನು. ಬುತ್ತಿಯ ಮುಚ್ಚಳ ತೆಗೆದಿದ್ದ ಮಾರ್ತಮ್ಮ ಅದನ್ನು ಮತ್ತೆ ಮುಚ್ಚಿದಳು.

“ಉಣ್ಣು ಮಾರ್ತಕ್ಕ, ಉಣ್ಣು. ಏನ್ ಸಾರು?”

“ಉಪ್ಸಾರು.”

“ಒಳ್ಳೇದು.” ಆತ ಕ್ವಾರಿಯ ಕಡೆ ನೋಡಿದ. “ಶುಕ್ರವಾರ ಗಣಿ ಆಫೀಸ್ರು ಬತ್ತಾರಂತೆ. ನಿನ್ನೂ ಕರೆದು ಕೇಳ್ತಾರೆ. ಒಂದೇ ಮಾತು ಏಳ್ಬುಡು. ಬಿಳೀ ಬಟ್ಟೆ ಎತ್ತಿದೆ, ಆಮ್ಯಾಕೆ ಗಯಾಸನೇ ಗುಂಡಿ ಒಳಕ್ಕೆ ಓಡೋದ. ಅಷ್ಟೇಯ.”

“ನಾನು ಎತ್ತಿಲ್ವಲ್ಲಪ್ಪ.”

“ನಂಗೊತ್ತಿಲ್ವಾ? ಬತ್ತಿ ಅಚ್ಚಿದೋನು ನಾನೇ ಅಲ್ವಾ?” ಎಂದ ನರಸಿಂಹಯ್ಯ.  ಮಾರ್ತಮ್ಮ ಉಣ್ಣದೆ ಬುತ್ತಿ ಕಟ್ಟಿಟ್ಟಳು.

ಇದು ೧೯೮೩ರ ಮಾತು. ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿ ದಾಟಿ ಎಡಕ್ಕೆ ಗಾಡಿ ಜಾಡು ಹಿಡಿದು ಹೋದರೆ ಪಿಳ್ಳಪ್ಪನ ಕಲ್ಲು ಕ್ವಾರಿ. ಅವನದು ಊರಿನ ಹಳೆಯ ಬೇಸಾಯದ ಮನೆತನ. ರಾಗಿ ಬೆಳೆಯದ ಬಂಡೆಯ ನೆಲವೇ ಅವರ ಕೈ ಹಿಡಿದಿತ್ತು. ಊರಿನವರು ಪಿಳ್ಳಪ್ಪನನ್ನು ಗೌಡ್ರು ಎಂದೇ ಕರೆಯುತ್ತಿದ್ದರು. ಬೆಂಗಳೂರಿನ ಉತ್ತರಕ್ಕೆ ಎದ್ದ ಎಷ್ಟೋ ಮನೆಗಳ ಪಾಯದಲ್ಲಿ ಆ ಕ್ವಾರಿಯ ಕಲ್ಲಿದೆ.

ಮಾರ್ತಮ್ಮನ ಗಂಡ ಸಾಮುವೇಲಪ್ಪ ಅಲ್ಲಿ ಕಲ್ಲು ಒಡೆಯುತ್ತಿದ್ದ. ಎದೆಯಲ್ಲಿ ದೂಳು ಕೂತು ಸತ್ತ. ಆಗ ನರಸಿಂಹಯ್ಯನೇ ಗೌಡರ ಹತ್ತಿರ ಮಾತಾಡಿ ಆಕೆಗೆ ಬಟ್ಟೆಯ ಕೆಲಸ ಕೊಡಿಸಿದ. ಬಂಡೆಗೆ ಮದ್ದು ತುಂಬಿದ ಮೇಲೆ ಆಕೆ ಹೊಂಗೆ ಮರಕ್ಕೆ ನೇತುಹಾಕಿದ ಕಂಬಿಯ ತುಂಡನ್ನು ಸುತ್ತಿಗೆಯಿಂದ ಬಡಿಯಬೇಕು. ಗುಂಡಿಯಲ್ಲಿದ್ದವರೆಲ್ಲ ಮೇಲೆ ಬರುತ್ತಾರೆ. ಜಾಡಿನಲ್ಲಿ ಗಾಡಿಗಳನ್ನು ತಡೆದು, ಗುಂಡಿ ಪೂರ್ತಿ ಖಾಲಿಯಾದದ್ದನ್ನು ದಿಬ್ಬದ ಮೇಲಿಂದ ಕಣ್ಣಾರೆ ನೋಡಿ, ಆಮೇಲೆ ಬಿಳಿ ಬಟ್ಟೆ ಎತ್ತಬೇಕು. ಅದನ್ನು ಕಂಡ ಮೇಲೆಯೇ ಮೇಸ್ತ್ರಿ ಮದ್ದಿನ ಬತ್ತಿ ಹಚ್ಚುವುದು.

ಈ ಕ್ರಮದಿಂದ ಒಂದು ಅಭ್ಯಾಸ ಬೆಳೆದಿತ್ತು. ಉಳಿಗಳು ಕೆಲಸಗಾರರ ಸ್ವಂತದವು. ಕುಲುಮೆಯಲ್ಲಿ ಹದ ಮಾಡಿಸಿ ತಂದ ಉಳಿ ಸಿಡಿದ ಕಲ್ಲಿನ ಕೆಳಗೆ ಹೋದರೆ ಸಿಕ್ಕುವುದಿಲ್ಲ. ಕಂಬಿ ಬಡಿದ ಮೇಲೂ ಮರೆತ ಉಳಿಗಾಗಿ ಜನ ಗುಂಡಿಗೆ ವಾಪಸು ಇಳಿಯುತ್ತಿದ್ದರು. ಹೊಸಬರು ಹೆದರಿದರೆ ಹಳಬರು, “ಹೋಗಲೇ, ಮಾರ್ತಮ್ಮ ಬಟ್ಟೆ ಎತ್ತೋಗಂಟ ಏನೂ ಆಗಲ್ಲ” ಎಂದು ನಗುತ್ತಿದ್ದರು.

ಹಾಗೆ ಇಳಿದವನು ಗಯಾಸ್. ಆ ದಿನ ಲಾರಿಗಳು ಬಂದು ನಿಂತಿದ್ದವು. ಜೀಪಿನಲ್ಲಿ ಬಂದ ಪಿಳ್ಳಪ್ಪ ಇಳಿಯುವ ಮೊದಲೇ, “ಇನ್ನೂ ಏನ್ಲಾ ನೋಡ್ತಿದೀಯ? ಅಚ್ಚಲೇ!” ಎಂದು ಕೂಗಿದ. ಬಟ್ಟೆ ಮಾರ್ತಮ್ಮನ ಕಂಕುಳಲ್ಲಿ ಮಡಿಸಿಯೇ ಇತ್ತು. ಆಕೆಗೆ ಗುಂಡಿಯಲ್ಲಿ ಬಗ್ಗಿದ ಬೆನ್ನು ಕಾಣುತ್ತಿತ್ತು. ಆಕೆ ಕಿರುಚಿದಳು. ನರಸಿಂಹಯ್ಯ ಅಷ್ಟರಲ್ಲಿ ಬತ್ತಿ ಹಚ್ಚಿ ಓಡುತ್ತಿದ್ದ. ಬಂಡೆ ಸಿಡಿಯಿತು, ಗಯಾಸ್ ಮೇಲೆ ಬರಲಿಲ್ಲ.

ಅಲ್ಲಿ ಇನ್ನೂ ಹತ್ತಾರು ಜನ ಇದ್ದರು. ವಿಚಾರಣೆಯ ಸುದ್ದಿ ಬಂದಾಗ ಎಲ್ಲರದೂ ಒಂದೇ ಮಾತಾಯಿತು: ನಾವು ಬಂಡೆಯ ಮರೆಯಲ್ಲಿದ್ದೆವು, ನೋಡಲಿಲ್ಲ. ಆದರೆ ಬಟ್ಟೆ ಹಿಡಿದವಳು ನೋಡಲಿಲ್ಲ ಎನ್ನುವಂತಿಲ್ಲ. ಪಿಳ್ಳಪ್ಪನಿಗೆ ಮಾರ್ತಮ್ಮನೇ ಬೇಕಾಗಿದ್ದುದಕ್ಕೆ ಇನ್ನೊಂದು ಕಾರಣವೂ ಇತ್ತು. ನಲ್ಲಿಯ ಹತ್ತಿರ ಸರದಿಯ ಜಗಳವಾದರೆ ಹೆಂಗಸರು ಆಕೆಯನ್ನು ಕೇಳುತ್ತಿದ್ದರು. ಯಾರ ಕುರಿ ಯಾರ ಹುರುಳಿ ಮೇಯಿತು ಎಂಬ ಪಂಚಾಯಿತಿಯಲ್ಲಿ ಆಕೆಯ ಒಂದು ಮಾತಿಗೆ ಎರಡೂ ಕಡೆಯವರು ಎದ್ದು ಹೋಗುತ್ತಿದ್ದರು. ಒಲೆ ಹಚ್ಚುವ ಮುಂಚೆ ದಿನಾ ಸತ್ಯವೇದ ಓದುವ ಕ್ರೈಸ್ತ ಹೆಂಗಸು, ಸುಳ್ಳು ಹೇಳುವುದಿಲ್ಲ ಎಂಬುದು ಸುತ್ತಲಿನ ಊರಿಗೆಲ್ಲ ಗೊತ್ತಿತ್ತು. ಅಂಥವಳ ಬಾಯಿಂದ ಬಂದ ಸುಳ್ಳನ್ನು ಯಾವ ಅಧಿಕಾರಿಯೂ ಅಲ್ಲಗಳೆಯಲಾರ.

ಪಕ್ಕದ ಗುಡಿಸಲಿನ ಕೃಷ್ಣಮ್ಮನಿಗೆ ಇದರಲ್ಲಿ ಇಷ್ಟು ಯೋಚಿಸುವುದೇನಿದೆ ಎಂದು ಅರ್ಥವಾಗಲಿಲ್ಲ.

“ನಿಮ್ ದೇವ್ರು ಬಾನುವಾರ ಬಾನುವಾರ ಕ್ಸಮಿಸ್ತಾನಲ್ಲೇ, ಇನ್ನೇನು?” ಎಂದಳು, ಕೊಡಕ್ಕೆ ನೀರು ಹಿಡಿಯುತ್ತ. “ಸುಕ್ರವಾರ ಸುಳ್ಳು ಏಳು, ಬಾನುವಾರ ಓಗಿ ಕೇಳ್ಕೊ. ನಡುವೆ ಇರೋದು ಒಂದು ದಿನ. ಅಷ್ಟು ತಡ್ಕಳಾಕಾಗಲ್ವಾ?”

ನಲ್ಲಿಯ ಸುತ್ತ ಇದ್ದವರು ನಕ್ಕರು. ಮಾರ್ತಮ್ಮನೂ ನಗಲು ನೋಡಿದಳು. 

ಮರುದಿನ ಸಂಜೆ ಜೀಪು ಬಂತು. ಪಿಳ್ಳಪ್ಪ ಒಬ್ಬನೇ ಇಳಿದ. ಹಿಂದೆ ಕೂತಿದ್ದ ಇಬ್ಬರು ಇಳಿಯಲಿಲ್ಲ, ಮಾತೂ ಆಡಲಿಲ್ಲ. ಆತ ಬಾಗಿಲಲ್ಲಿ ನಿಂತು ಸೂರಿನ ತಗಡಿನ ಶೀಟು ನೋಡಿದ.

“ಈ ಸೀಟು ನಾನೇ ಆಕ್ಸಿದ್ದಲ್ವಾ ಮಾರ್ತ?”

“ಹೂಂ ಗೌಡ್ರೇ.”

“ಎಂಗೈತೆ? ಸೋರ್ತದಾ?”

“ಇಲ್ಲ ಗೌಡ್ರೇ.”

“ಜೋಪಾನ. ಗಾಳಿ ಜೋರಾದ್ರೆ ಆರೋಯ್ತವೆ.” ಆತ ಜಗಲಿಯ ಮೇಲೆ ಕೂತು, ಸಮಾಧಾನದಿಂದಲೇ ಮಾತಾಡಿದ. “ನೋಡು, ನಿಂಗೆ ಕಂಡಿದ್ದು ನಿನ್ ಸತ್ಯ. ಅದನ್ನ ಬ್ಯಾಡ ಅನ್ನಲ್ಲ, ಇಟ್ಕೊ. ಊರಿಗೆ ಬೇಕಾಗಿರೋದು ಊರಿನ್ ಸತ್ಯ. ಕ್ವಾರಿ ಮುಚ್ಚಿದ್ರೆ ಇಷ್ಟು ಜನ ಏನ್ ತಿಂತಾರೆ? ನರಸಿಂಹಯ್ಯನ ಮಕ್ಳು ಏನ್ ತಿಂತವೆ? ಎಲ್ಲಾರಿಗೂ ಒಂದೇ ಸತ್ಯ ಅಂತ ಎಲ್ಲೈತೆ? ಕಾಲಕ್ಕೆ ತಕ್ಕಂಗೆ ಓಗ್ಬೇಕು.”

ಮಾರ್ತಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಬಟ್ಟೆ ಎತ್ತಿದ್ದರೆ ಎತ್ತಿದ್ದು, ಎತ್ತದಿದ್ದರೆ ಎತ್ತದಿದ್ದು, ಅದು ನನಗೊಂದು ಊರಿಗೊಂದು ಹೇಗಾಗುತ್ತದೆ ಎಂದು ಕೇಳಬೇಕೆನಿಸಿತು.  ಜೀಪು ಹೋದ ಮೇಲೆ ಆಕೆ ಬಾಗಿಲು ಹಾಕಿ ಅಗಳಿ ಇಟ್ಟಳು. ಆಮೇಲೆ ಎದ್ದು ಅಗಳಿ ಸರಿಯಾಗಿ ಕೂತಿದೆಯೇ ಎಂದು ಮತ್ತೆ ಮುಟ್ಟಿ ನೋಡಿದಳು.

ಬುಧವಾರ ಬಸ್ಸು ಹಿಡಿದು ಯಲಹಂಕಕ್ಕೆ ಹೋದಳು. ಅಲ್ಲಿನ ಪುಟ್ಟ ಕನ್ನಡ ಸಭೆಯ ಪಾದ್ರಿ ಅಯ್ಯನವರು ಆಕೆಯ ಗಂಡನನ್ನು ಮಣ್ಣು ಮಾಡಿದವರು. ಅವರ ಮಾತಿಗೆ ಆಕೆ ಬಹಳ ಬೆಲೆ ಕೊಡುತ್ತಿದ್ದಳು. ದೇವಾಲಯದ ಪಕ್ಕದಲ್ಲಿ ಕಾಂಪೌಂಡ್ ಗೋಡೆಗೆಂದು ಸೈಜುಗಲ್ಲು ರಾಶಿ ಹಾಕಿತ್ತು. ಕಲ್ಲಿನ ಬಣ್ಣ ನೋಡಿಯೇ ಅದು ಯಾವ ಕ್ವಾರಿಯದೆಂದು ಆಕೆಗೆ ಗೊತ್ತಾಯಿತು.

ಅಯ್ಯನವರು ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದು ಒರೆಸಿದರು.

“ಸುಳ್ಳು ಹೇಳಿ ಅಂತ ನಾನು ಹೇಳಲ್ಲಮ್ಮ. ಆದ್ರೆ ನೆನಪಿಲ್ಲ ಅಂದ್ರೆ ಅದು ಸುಳ್ಳಾಗುತ್ತಾ? ನಿಮಗೂ ವಯಸ್ಸಾಯ್ತು. ಆವತ್ತು ಗಾಬರಿ ಬೇರೆ.”

“ನೆನಪಿದೆಯಲ್ಲ ಅಯ್ಯನವರೇ.”

“ಇದೆ, ಇದೆ. ನಾವು ಇಲ್ಲಿ ಎಷ್ಟು ಮನೆ ಇದ್ದೀವಿ ಹೇಳಿ. ನಾಳೆ ಏನಾದ್ರೂ ಆದ್ರೆ ಯಾರು ಬರ್ತಾರೆ? ದೇವರು ಹೃದಯ ನೋಡ್ತಾನಮ್ಮ.”

“ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದು ಅಂತ ಭಾನುವಾರ ಶಾಲೇಲಿ ನೀವೇ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀರಿ.”

ಅಯ್ಯನವರು ಕನ್ನಡಕ ಹಾಕಿಕೊಂಡು ಎದ್ದರು. ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಆಕೆಗೆ ಯಾವ ಕೇಡೂ ಬಾರದಿರಲಿ ಎಂದು ಬೇಡಿಕೊಂಡರು. ಶುಕ್ರವಾರ ಏನು ಹೇಳಬೇಕೆಂಬುದು ಪ್ರಾರ್ಥನೆಯಲ್ಲಿ ಬರಲಿಲ್ಲ. ಆಮೆನ್ ಎಂದು ಕಣ್ಣು ತೆರೆದಾಗ ಮಾರ್ತಮ್ಮನಿಗೆ ಮುಂಚಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ಅದುವರೆಗೆ ಆಕೆ ಊರಿನಲ್ಲಿ ಮಾತ್ರ ತಾನು ಒಂಟಿ ಎಂದುಕೊಂಡಿದ್ದಳು.

ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿ, ತುಟಿಯಲ್ಲೇ ಹೇಳಿ ನೋಡಿದಳು: ಬಿಳಿ ಬಟ್ಟೆ ಎತ್ತಿದೆ, ಆಮೇಲೆ ಅವನೇ ಓಡಿಹೋದ. ಮೊದಲ ಸಲ ತಡವರಿಸಿತು. ಮೂರನೆಯ ಸಲಕ್ಕೆ ಸಲೀಸಾಗಿ ಬಂತು. ಗುಂಡಿಯಲ್ಲಿ ಬಗ್ಗಿದ ಬೆನ್ನು ಮಸುಕಾಗಿ, ತಾನು ಕೈಯೆತ್ತಿ ನಿಂತ ಹಾಗೆ ಕಣ್ಣಿಗೆ ಕಟ್ಟತೊಡಗಿತು.  ಇನ್ನು ನಾಲ್ಕು ಸಲ ಹೇಳಿಕೊಂಡರೆ ಇದನ್ನು ನಾನೇ ನಂಬಿಬಿಡುತ್ತೇನೆ ಎನಿಸಿತು. ಜೀಪಿನಲ್ಲಿ ಕೂತಿದ್ದ ಇಬ್ಬರಿಗಿಂತ ಆ ಸಲೀಸು ಹೆಚ್ಚು ದಿಗಿಲು ಹುಟ್ಟಿಸಿತೆಂದು ಆಕೆ ಮುಂದೆ ತಂಗಿಯ ಹತ್ತಿರ ಹೇಳಿಕೊಂಡಳು.

ಗುರುವಾರ ಗಯಾಸನ ಹೆಂಡತಿ ಸುಗ್ರಾ ಬಂದಳು. ಗಂಡ ಸತ್ತ ಮೇಲೆ ಹೊರಗೆ ಬರಬಾರದ ದಿನಗಳು. ತಲೆತುಂಬ ಸೆರಗು ಹೊದ್ದು ಹಿತ್ತಿಲ ಕಡೆಯಿಂದ ಬಂದಿದ್ದಳು. ಮಾರ್ತಮ್ಮ ಚಾಪೆ ಹಾಸಿದಳು. ಆಕೆ ಕೂರಲಿಲ್ಲ.

“ಅಕ್ಕಾ, ನೀನು ಬಟ್ಟೆ ಎತ್ತಿದ್ಯಾ?”

“ಇಲ್ಲ ಕಣೇ ಸುಗ್ರಾ. ಆಣೆ ಇಡೋದು ನಮ್ಮಲ್ಲಿಲ್ಲ. ಇಲ್ಲ ಅಂದ್ರೆ ಇಲ್ಲ.”

“ನಂಗೆ ಗೊತ್ತು. ಮಾರ್ತಮ್ಮ ನೋಡ್ಕೊಂತಾಳೆ ಅಂತಾನೇ ಇಳೀತಿದ್ರು ಅವ್ರು.” ಸುಗ್ರಾ ಬಾಗಿಲ ಕಡೆ ನೋಡಿದಳು. “ಆದ್ರೂ ಎತ್ತಿದೆ ಅಂತ ಹೇಳಿಬಿಡಕ್ಕ.”

ಮಾರ್ತಮ್ಮ ಅವಳ ಮುಖ ನೋಡಿದಳು.

“ಗೌಡ್ರು ಶೆಟ್ಟಿಹಳ್ಳಿ ಕಡೆ ಒಂದು ಸೈಟು ಕೊಡ್ತೀನಿ ಅಂದವ್ರೆ. ಕೇಸಾದ್ರೆ ಕೊಡಲ್ಲ. ಮಕ್ಕಳನ್ನ ಕಟ್ಕೊಂಡು ನಾನು ಎಲ್ಲಿಗೆ ಹೋಗ್ಲಿ? ಸತ್ತೋರು ತಪ್ಪು ಮಾಡಿದ್ರು ಅಂತ ಆದ್ರೆ ಆಗ್ಲಿ. ಅವ್ರಿಗೆ ಕೇಳ್ಸಲ್ಲ.”

 ನಿಜ ಯಾರಿಗೆ ಬೇಕಾಗಿರಬೇಕಿತ್ತೋ ಅವಳಿಗೇ ಬೇಡವಾಗಿತ್ತು. “ನನ್ನ ಕೈಲಿ ಆಗುತ್ತೋ ಇಲ್ವೋ ಗೊತ್ತಿಲ್ಲ ಕಣೇ,” ಎಂದಷ್ಟೇ ಮಾರ್ತಮ್ಮ ಹೇಳಿದಳು. ಅದು ನಿಜವಾಗಿತ್ತು. ಸುಗ್ರಾ ಸೆರಗಿನಿಂದ ಮುಖ ಮುಚ್ಚಿಕೊಂಡು ಬಂದ ದಾರಿಯಲ್ಲೇ ಹೋದಳು.

ಶುಕ್ರವಾರ ಅಧಿಕಾರಿ ಕ್ವಾರಿಯ ಶೆಡ್ಡಿನಲ್ಲಿ ಮೇಜು ಹಾಕಿಸಿಕೊಂಡು ಕೂತರು. ವಯಸ್ಸಿನಲ್ಲಿ ಚಿಕ್ಕವರು, ಮುಖದಲ್ಲಿ ಆಯಾಸವಿತ್ತು. ಪಿಳ್ಳಪ್ಪ ಎಳನೀರಿನ ರಾಶಿಯ ಪಕ್ಕ ನಿಂತಿದ್ದ. ಬಂಡೆಯ ಮರೆಯಲ್ಲಿದ್ದವರು ಒಬ್ಬೊಬ್ಬರೇ ಬಂದು ಮರೆಯಲ್ಲಿದ್ದೆವೆಂದು ಹೇಳಿ ಹೋದರು. ಆಮೇಲೆ ಮಾರ್ತಮ್ಮನ ಹೆಸರು ಕರೆದರು.

“ಬಿಳಿ ಬಟ್ಟೆ ತೋರಿಸೋದು ನೀವೇನಾ?”

ಆಕೆಯ ತುಟಿ ಅಲ್ಲಾಡಿತು. ದನಿ ಬರಲಿಲ್ಲ.

“ಕಿವಿ ಕೇಳಿಸಲ್ವಾ ಇವರಿಗೆ?” ಎಂದು ಅಧಿಕಾರಿ ಪಿಳ್ಳಪ್ಪನ ಕಡೆ ತಿರುಗಿದರು.

“ಕೇಳ್ತದೆ ಸಾರ್, ಮುದುಕಿ ಎದ್ರಿದಾಳೆ ಅಷ್ಟೇ. ಏಳಮ್ಮ, ಎಂಗಾಯ್ತೋ ಅಂಗೇ ಏಳು.”

“ಆವತ್ತು ಬಟ್ಟೆ ಎತ್ತಿದಿರಾ?”

“ಇಲ್ಲ.”

ಶೆಡ್ಡಿನಲ್ಲಿ ಯಾರೋ ಕೆಮ್ಮಿದರು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. “ಇನ್ನೊಂದು ಸಲ ಹೇಳಿ.”

“ಎತ್ತಲಿಲ್ಲ ಸ್ವಾಮಿ. ಗುಂಡೀಲಿ ಆಳು ಇದ್ದ. ಗಯಾಸ್. ನನಗೆ ಕಾಣಿಸ್ತಿದ್ದ. ಅದಕ್ಕೇ ಎತ್ತಲಿಲ್ಲ.”

“ಮತ್ತೆ ಬತ್ತಿ ಹೇಗೆ ಹಚ್ಚಿದರು? ಯಾರು ಹಚ್ಚು ಅಂದದ್ದು?”

ಮಾರ್ತಮ್ಮ ನರಸಿಂಹಯ್ಯನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ತನಗೆ ಕೆಲಸ ಕೊಡಿಸಿದ ಮನುಷ್ಯ. ಪೂರ್ತಿ ನಿಜ ಹೇಳದೆ ಅರ್ಧಕ್ಕೆ ನಿಲ್ಲಿಸಿದರೆ ಇವನೊಬ್ಬನೇ ಸಿಕ್ಕಿಬೀಳುತ್ತಾನೆ ಎಂಬುದು ಆಗ ಆಕೆಗೆ ಹೊಳೆಯಿತು.

“ಗೌಡ್ರು,” ಎಂದಳು. “ಜೀಪಿಂದ ಕೂಗಿದ್ರು. ಹಚ್ಚಲೇ ಅಂತ.”

ಹೇಳಿ ಮುಗಿಸುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಕಾಲ ಕೆಳಗಿನ ಕಲ್ಲುಪುಡಿ ಕಪ್ಪಾದದ್ದನ್ನು ಎದುರಿಗಿದ್ದವರು ನೋಡಿದರು. ಯಾರೂ ನಗಲಿಲ್ಲ.

ಅಧಿಕಾರಿ ಮೇಸ್ತ್ರಿಯನ್ನು ಕೇಳಿದರು. “ಗೌಡ್ರು ಅಲ್ಲಿರ್ಲೇ ಇಲ್ಲ ಸ್ವಾಮಿ,” ಎಂದ ನರಸಿಂಹಯ್ಯ, ತಲೆಯೆತ್ತದೆ.

ಪಿಳ್ಳಪ್ಪ ಸಿಟ್ಟಾಗಲಿಲ್ಲ. ಒಂದು ಎಳನೀರು ಆರಿಸಿ, ತಾನೇ ಕೊಚ್ಚಿ, ಎರಡೂ ಕೈಯಲ್ಲಿ ಹಿಡಿದು ಆಕೆಯ ಮುಂದೆ ಚಾಚಿದ. “ಕುಡೀರಿ ಮಾರ್ತಮ್ಮನೋರೇ. ಗಂಟಲು ಒಣಗಿರ್ತದೆ ನಿಮಗೆ.”

ಆತ ಆಕೆಯನ್ನು ಎಂದೂ ಬಹುವಚನದಲ್ಲಿ ಕರೆದವನಲ್ಲ. ಎಳನೀರು ಇಸಿದುಕೊಳ್ಳಲು ಮಾರ್ತಮ್ಮನ ಕೈ ಏಳಲಿಲ್ಲ.

ಮನೆಯನ್ನು ಯಾರೂ ಕೆಡವಲಿಲ್ಲ. ಆಕೆಯನ್ನು ಯಾರೂ ಮುಟ್ಟಲಿಲ್ಲ. ದಿನಾ ಸಂಜೆ ಜೀಪು ಬಂದು ಗುಡಿಸಲಿನ ಎದುರು ನಿಲ್ಲುತ್ತಿತ್ತು, ಕತ್ತಲಾಗುವ ಮುಂಚೆ ಹೋಗುತ್ತಿತ್ತು. ಕೃಷ್ಣಮ್ಮ ನಲ್ಲಿಯ ಹತ್ತಿರ ಮಾತು ಬಿಟ್ಟಳು. ಸುಗ್ರಾಳಿಗೆ ಸೈಟು ಸಿಗಲಿಲ್ಲ. ಅವಳು ಮಕ್ಕಳೊಂದಿಗೆ ಗೊರಗುಂಟೆಪಾಳ್ಯದ ಅಣ್ಣನ ಮನೆ ಸೇರಿದಳು. ಅವಳಿಗೆ ಹೇಳಿಕಳಿಸಲು ಮಾರ್ತಮ್ಮ ಎರಡು ಸಲ ಪ್ರಯತ್ನಿಸಿದಳು. ಉತ್ತರ ಬರಲಿಲ್ಲ.

ವಾರ ಕಳೆದ ಮೇಲೆ ಮಾರ್ತಮ್ಮ ಆರ್.ಟಿ. ನಗರದ ತಂಗಿಯ ಮನೆಗೆ ಹೋದಳು. ಅಲ್ಲಿಯೂ ಬೀದಿಯಲ್ಲಿ ಜೀಪಿನ ಸದ್ದಾದರೆ ಎದ್ದು ಒಳಗಿನ ಕೋಣೆಗೆ ಹೋಗುತ್ತಿದ್ದಳು. ಬೆಳಿಗ್ಗೆ ಸತ್ಯವೇದ ಓದುವುದನ್ನು ಬಿಡಲಿಲ್ಲ. ಸರಿಯಾದದ್ದನ್ನೇ ಮಾಡಿದೆ ಎಂಬ ನೆಮ್ಮದಿ ಬಂತೇ ಎಂದು ತಂಗಿ ಕೇಳಿದ್ದಕ್ಕೆ, “ಇನ್ನೂ ಬಂದಿಲ್ಲ ಕಣೇ. ಬೇರೆ ಏನು ಹೇಳಕ್ಕಾಗ್ತಿತ್ತು?” ಎಂದಳು.

ಆಕೆಯ ಹೇಳಿಕೆಯ ಮೇಲೆ ಪಿಳ್ಳಪ್ಪ ಮತ್ತು ನರಸಿಂಹಯ್ಯ ಇಬ್ಬರ ಮೇಲೂ ಮೊಕದ್ದಮೆ ದಾಖಲಾಯಿತು. ಕೋರ್ಟಿನ ವಿಚಾರಣೆ ಮುಂದಿನ ಮಾರ್ಚ್ ತಿಂಗಳಲ್ಲಿ ಶುರುವಾಗುವುದಿತ್ತು. ಮೊದಲ ಸಾಕ್ಷಿ ಮಾರ್ತಮ್ಮ.