ಇಟಲಿ ಗಾಡಿಯ ಎಣ್ಣೆ ಸ್ನಾನ

ಕಮರಿಪೇಟೆಯ ಮೈಲಾರಿ ಮಿಸ್ತ್ರಿಯ ಕಿವಿಯ ಬಗ್ಗೆ ನೀವು ಕೇಳಿರಬಹುದು. ಹುಬ್ಬಳ್ಳಿಯ ತನ್ನ ಗ್ಯಾರೇಜಿನಲ್ಲಿ ಕೂತು, ಧಾರವಾಡದಲ್ಲಿ ಚಾಲೂ ಆದ ಫಿಯೆಟ್ ಕಾರಿನ ಕೆಮ್ಮು ಕೇಳಿ, ಮೂರನೇ ಪ್ಲಗ್ಗು ಹೋಗಿದೆ ಎಂದು ಹೇಳುತ್ತಿದ್ದನಂತೆ. ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಯವರ ಹೊಟ್ಟೆ ಗುಡುಗಿದ್ದನ್ನು ಕೇಳಿ, ಇವರಿಗೆ ಇನ್ನೊಂದು ಹೋಳಿಗೆ ಬಡಿಸಿದರೆ ಗ್ಯಾಸ್ಕೆಟ್ ಹಾರುತ್ತದೆ ಎಂದು ಅಡಿಗೆಯವರನ್ನು ತಡೆದನಂತೆ. ಅವನು ಸೀನಿದರೆ ನಾಲ್ಕು ಓಣಿಯ ಗಾಡಿಗಳು ತಾವಾಗಿ ಚಾಲೂ ಆಗುತ್ತಿದ್ದವಂತೆ.

ಈ ‘ಅಂತೆ’ಗಳನ್ನೆಲ್ಲ ಹಬ್ಬಿಸಿದವನು ನಾನೇ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದೆ. ಆಗ ಮಕ್ಕಳು ನನ್ನ ಮಾತು ಕೇಳಲಿಲ್ಲ. ನಿವೃತ್ತನಾದ ಮೇಲೆ ಮೈಲಾರಿಯ ಗ್ಯಾರೇಜಿನ ಎದುರಿನ ಚಹಾದಂಗಡಿ ಕಟ್ಟೆಯ ಮೇಲೆ ಕೂತೆ, ಊರೇ ಕೇಳತೊಡಗಿತು. ಇಷ್ಟು ವರ್ಷ ಒಣಗಿದ್ದ ನಾಲಿಗೆಗೆ ಅಷ್ಟು ಸಾಕಾಯಿತು.

ಖರೆ ಸಂಗತಿ ಸಣ್ಣದು. ಮೈಲಾರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚುತ್ತಿದ್ದ. ಮತ್ತೆ ಕಣ್ಣು ತೆರೆದಾಗ ಅವನು ಹೇಳಿದ್ದು ತಪ್ಪುತ್ತಿರಲಿಲ್ಲ. ಅಕ್ಷರ ಬರುತ್ತಿರಲಿಲ್ಲ. ಅಪ್ಪ ಶಾಲೆಗೆ ಕಳಿಸಿದ ಮೂರನೇ ದಿನವೇ ತಪ್ಪಿಸಿಕೊಂಡು ಬಂದು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾನೆಟ್ಟಿನೊಳಗೆ ತಲೆ ಹಾಕಿದವನು, ಅರವತ್ತೆರಡು ವಯಸ್ಸಾದರೂ ಆ ತಲೆ ಹೊರಗೆ ತೆಗೆದಿರಲಿಲ್ಲ. ಅಂಕಿ ಓದುತ್ತಿದ್ದ, ಅದರಾಚೆ ಕಾಗದವೆಂದರೆ ಅವನಿಗೆ ನಾನು. ಲೈಟಿನ ಬಿಲ್ಲು, ಬ್ಯಾಂಕಿನ ಪತ್ರ, ಬಿಡಿ ಭಾಗದ ಡಬ್ಬಿಯ ಮೇಲಿನ ಬರಹ, ಎಲ್ಲವನ್ನೂ ಕಟ್ಟೆಗೆ ತರುತ್ತಿದ್ದ. ನನ್ನ ಬಾಯಿ ಎಂಥದೆಂದು ಅವನಿಗೆ ಗೊತ್ತಿತ್ತು, ಅದಕ್ಕೆ ಪ್ರತಿ ಸಲವೂ ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳುತ್ತಿದ್ದ.

“ಮಾಸ್ತರ್ರ, ಇದು ಬಾಯಿಂದೋ, ಕಾಗದದ್ದೋ?”

ಬಾಯಿಯದಾದರೆ ನಕ್ಕು ಬಿಟ್ಟುಬಿಡುತ್ತಿದ್ದ. ಕಾಗದದ್ದೆಂದರೆ ಹಾಗೆಯೇ ನಡೆಯುತ್ತಿದ್ದ. ಹದಿನಾಲ್ಕು ವರ್ಷ ನಮ್ಮಿಬ್ಬರ ನಡುವೆ ಈ ಏರ್ಪಾಡು ನಡೆದಿತ್ತು. ನಾನು ದಿನಕ್ಕೆ ನೂರು ಸುಳ್ಳು ಹೇಳಿರಬಹುದು, ಆ ಪ್ರಶ್ನೆಗೆ ಮಾತ್ರ ಸುಳ್ಳು ಹೇಳಿರಲಿಲ್ಲ.

ದೀಪಾವಳಿಯ ನರಕ ಚತುರ್ದಶಿಯಂದು ಎಲ್ಲರೂ ಎಣ್ಣೆ ಹಚ್ಚಿ ಎರೆದುಕೊಳ್ಳುವ ಹೊತ್ತಿಗೆ ಮೈಲಾರಿಯ ಗ್ಯಾರೇಜಿನ ಮುಂದೆ ಫಿಯೆಟ್‌ಗಳ ಸಾಲು. ಮೊದಲು ಗಾಡಿಗಳ ಎಣ್ಣೆ ಸ್ನಾನ, ಆಮೇಲೆ ತನ್ನದು. ಇಂಜಿನ್ ಬಿಸಿಯಿರುವಾಗಲೇ ಹಳೇ ಆಯಿಲ್ ಇಳಿಸುತ್ತಿದ್ದ. ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ತಿಕ್ಕಿ, ಮೂಸಿ, ಮಾಲೀಕರಿಗೆ ಬೈಗುಳ ಕೊಡುತ್ತಿದ್ದ. ಹಳೇ ಇಂಜಿನ್ನಿಗೆ ತೆಳು ಆಯಿಲ್ ಕುಡಿಸಿದರೆ ಅದು ನೀರು ಮಜ್ಜಿಗೆ ಕುಡಿದ ಪೈಲ್ವಾನನಂತಾಗುತ್ತದೆ ಎನ್ನುತ್ತಿದ್ದ. ದಪ್ಪನೆಯ ಆಯಿಲ್ ತುಂಬಿ, ಬಾಗಿಲ ಕೀಲು, ಪೆಡಲು, ಲಾಕು, ಎಲ್ಲಕ್ಕೂ ಕೋಳಿ ಪುಕ್ಕದಿಂದ ಎಣ್ಣೆ ಸವರಿ, ಕುಂಕುಮ ಹಚ್ಚಿ ಕಳಿಸುತ್ತಿದ್ದ. ಆ ಫಿಯೆಟ್‌ಗಳ ಇಂಜಿನ್ನಿನೊಳಗೆ ಒಂದು ಚೈನು ಇರುತ್ತದೆ, ಸೈಕಲ್ಲಿಗೆ ಇರುವಂಥದೇ. ಅದು ಎಣ್ಣೆಯಲ್ಲೇ ಬದುಕುತ್ತದೆ. ಸವೆದರೆ ಗೆಜ್ಜೆಯಂತೆ ಸದ್ದು ಮಾಡಿ ತಿಂಗಳುಗಟ್ಟಲೆ ಮುಂಚೆ ತಿಳಿಸುತ್ತದೆ. ಮೈಲಾರಿಯ ವಿದ್ಯೆಯೆಲ್ಲ ಆ ಚೈನಿನದು.

ಧಾರವಾಡ ಮಾಳಮಡ್ಡಿಯ ದಾಕ್ಷಾಯಿಣಿ ಅಕ್ಕೋರ ಗಾಡಿ ಮಾತ್ರ ಬೇರೆ ಜಾತಿಯದು. ಅಕ್ಕೋರು ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತರಾದವರು. ಅವರ ಯಜಮಾನರು ಶಂಭುಲಿಂಗ ಹತ್ತಿ ವ್ಯಾಪಾರಿ. ಹಿಂದೆ ಯಾವುದೋ ಗಿರಣಿಗೆ ಯಂತ್ರ ಜೋಡಿಸಲು ಬಂದ ಇಟಲಿಯ ಇಂಜಿನಿಯರೊಬ್ಬ ಊರಿಗೆ ಹೋಗುವಾಗ ತನ್ನ ಫಿಯೆಟ್ 124 ಸ್ಪೋರ್ಟ್ ಗಾಡಿಯನ್ನು ಅವರಿಗೆ ಮಾರಿ ಹೋಗಿದ್ದ. ಎರಡೇ ಬಾಗಿಲು, ಕುಂಕುಮದ ಬಣ್ಣ, ಸ್ಟೇರಿಂಗು ಎಡಕ್ಕೆ. ಶಂಭುಲಿಂಗ ಎಡಕ್ಕೆ ಕೂತು ನಡೆಸುವಾಗ ಬಲಕ್ಕೆ ಕೂತ ಅಕ್ಕೋರು ಪುಸ್ತಕ ಓದುತ್ತಿದ್ದರೆ, ಎದುರಿನ ಎತ್ತಿನ ಗಾಡಿಯವರು ಹೆಣ್ಣುಮಗಳು ಸ್ಟೇರಿಂಗಿಲ್ಲದೆ ಗಾಡಿ ಹೊಡೆಯುತ್ತಿದ್ದಾಳೆಂದು ಎತ್ತು ಬಿಟ್ಟು ಓಡಿದರು. ಇದು ಬಾಯಿಯದು. ಯಜಮಾನರು ತೀರಿಕೊಂಡ ಮೇಲೆ ಅಕ್ಕೋರೇ ಎಡಕ್ಕೆ ಕೂತು ಪ್ರತಿ ಸೋಮವಾರ ಉಪ್ಪಿನಬೆಟಗೇರಿಯ ತವರುಮನೆಗೆ ಹೋಗಿಬರುತ್ತಿದ್ದರು. ಇದು ಖರೆ.

ಆ ಗಾಡಿಯಲ್ಲಿ ಚೈನಿನ ಬದಲು ಹಲ್ಲುಗಳಿರುವ ರಬ್ಬರ್ ಬೆಲ್ಟು. ಕೆಳಗಿನ ಗಾಲಿಯ ತಿರುವನ್ನು ಮೇಲಿನ ಎರಡು ಗಾಲಿಗಳಿಗೆ ಅದೊಂದೇ ಮುಟ್ಟಿಸುತ್ತದೆ. ಅದು ಹರಿದರೆ ಒಳಗಿನ ವಾಲ್ವ್‌ಗಳು ಒಂದಕ್ಕೊಂದು ಬಡಿದು ಬಾಗುತ್ತವೆ. ಹರಿಯುವ ಮುಂಚೆ ಅದು ಯಾರಿಗೂ ಹೇಳುವುದಿಲ್ಲ. ಅದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಚೆನ್ನಾಗಿದ್ದರೂ ಬದಲಿಸಬೇಕು. ಬದಲಿಸುತ್ತಿದ್ದ ಮುಂಬೈ ಗ್ಯಾರೇಜು ಮುಚ್ಚಿತು. ಅಕ್ಕೋರು ಹೊಸ ಬೆಲ್ಟು ತರಿಸಿ, ಗಾಡಿಯ ಇಂಗ್ಲಿಷ್ ಪುಸ್ತಕದ ಸಮೇತ ಮೈಲಾರಿಯ ಕೈಗೆ ಕೊಟ್ಟರು.

ಅವನು ಆ ಬೆಲ್ಟನ್ನು ಎರಡು ದಿನ ಮುಟ್ಟಲಿಲ್ಲ, ಸುಮ್ಮನೆ ನೋಡಿದ. ಮೂರನೇ ದಿನ ಹಳೆಯದನ್ನು ಬಿಚ್ಚುವ ಮೊದಲು ಮೂರೂ ಗಾಲಿಗಳ ಮೇಲೆ ತಂಬಾಕಿನ ಸುಣ್ಣದಿಂದ ಗುರುತು ಹಾಕಿದ. ಹೊಸದನ್ನು ಹಲ್ಲಿಗೆ ಹಲ್ಲು ಕೂಡಿಸಿ ಹಾಕಿದ. ಆ ಕೆಲಸದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆಮೇಲೆ ಕೈ ಒರೆಸಿಕೊಂಡು, ಪುಸ್ತಕ ಹಿಡಿದು ಕಟ್ಟೆಗೆ ಬಂದ. ಚೈನಿಗೆ ಎಣ್ಣೆ ಬೇಕು, ಇದಕ್ಕೇನು ಬೇಕು ಅಂತ ಬರೆದಿದ್ದಾರೆ ನೋಡಿ ಹೇಳಿರೆಂದ.

ಆಗ ನನ್ನ ಮುಂದೆ ಏಳೆಂಟು ಜನ ಕೂತಿದ್ದರು. ಯಾವುದೋ ಕತೆ ನಡುವಿಗೆ ಬಂದಿತ್ತು. ಪುಸ್ತಕ ತೆರೆದೆ, ಯಾವ ಪುಟವೋ ಏನೋ, ಅಕ್ಷರದ ಮೇಲೆ ಕಣ್ಣು ಸಹ ನಿಲ್ಲಲಿಲ್ಲ. ಗಂಭೀರವಾಗಿ ಹೇಳಿದೆ:

“ದೀಪಾವಳಿಗೆ ಇದಕ್ಕೂ ಎಣ್ಣಿ ಹಚ್ಚಿ ಎರೀಬೇಕಂತ ಬರದಾರಪಾ. ಇಟಲಿಯಾಗೂ ನಿನ್ನ ಹೆಸರು ಗೊತ್ತೈತಿ.”

ಕಟ್ಟೆ ನಕ್ಕಿತು. ಮೈಲಾರಿ ನಗಲಿಲ್ಲ.

“ಮಾಸ್ತರ್ರ, ಇದು ಬಾಯಿಂದೋ, ಕಾಗದದ್ದೋ?”

ಬಾಯಿಯದು ಎಂದರೆ ನಗೆ ಅಲ್ಲಿಗೇ ನಿಲ್ಲುತ್ತಿತ್ತು. ಇನ್ನೊಂದು ಗಳಿಗೆ ನಗಲಿ ಎಂಬ ಆಸೆ. “ಕಾಗದದ್ದು” ಎಂದೆ. ಅವನು ತಲೆಯಾಡಿಸಿ, ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ರಸ್ತೆ ದಾಟಿದ. ಸಂಜೆ ತಿದ್ದಿದರಾಯಿತು ಎಂದುಕೊಂಡೆ. ಸಂಜೆ ಮರೆತೆ.

ಆ ದೀಪಾವಳಿಗೆ ಅಕ್ಕೋರ ಗಾಡಿ ಸಾಲಿನಲ್ಲಿ ಮೊದಲು ನಿಂತಿತ್ತು. ಇಂಜಿನ್ನಿನ ಮುಂಭಾಗದಿಂದ ಗುಬ್ಬಿ ಮರಿಯಂತೆ ಒಂದು ಕಿರುಗುಡುವ ಸದ್ದು ಬರುತ್ತಿತ್ತು. ಮೈಲಾರಿ ಸ್ಕ್ರೂಡ್ರೈವರ್ ಊರಿ, ಕಣ್ಣು ಮುಚ್ಚಿ ಕೇಳಿದ. ಬೆಲ್ಟಿನ ಮೇಲಿನ ಮುಚ್ಚಳ ತೆಗೆದ. ಕೋಳಿ ಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ ಆ ರಬ್ಬರಿನ ಉದ್ದಕ್ಕೂ ಮೆತ್ತಗೆ, ಮಗುವಿನ ನೆತ್ತಿಗೆ ಹಚ್ಚುವಂತೆ ಸವರಿದ. ಸದ್ದು ನಿಂತಿತು. ಅಕ್ಕೋರು ಕರ್ಚಿಕಾಯಿಯ ಡಬ್ಬಿ ತೆರೆದರು. ನನಗೆ ಆಗ ನನ್ನ ಮಾತು ನೆನಪಾಯಿತು. ರಬ್ಬರಿಗೆ ಎಣ್ಣೆ ಆಗಿಬರುವುದಿಲ್ಲ ಎಂದು ಯಾವ ಹೈಸ್ಕೂಲ್ ಮಾಸ್ತರನಿಗೂ ಗೊತ್ತು. ಆದರೆ ಬಾಯಲ್ಲಿ ಕರ್ಚಿಕಾಯಿ ಇತ್ತು, ಸುತ್ತಲೂ ಜನ ಮೈಲಾರಿಯನ್ನು ಹೊಗಳುತ್ತಿದ್ದರು. ಹೊಗಳುವವರಲ್ಲಿ ನಾನೂ ಸೇರಿದೆ.

ಸಂಕ್ರಾಂತಿ ಕಳೆದ ಮೊದಲ ಸೋಮವಾರ, ಉಪ್ಪಿನಬೆಟಗೇರಿಯಿಂದ ಬರುವ ದಾರಿಯಲ್ಲಿ ಗಾಡಿ ಒಮ್ಮೆಲೇ ಸತ್ತಿತು. ಕೆಮ್ಮಲಿಲ್ಲ, ನರಳಲಿಲ್ಲ. ಅಕ್ಕೋರು ಹಿಂದಿನಿಂದ ಬಂದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ, ತಾವೇ ಸ್ಟೇರಿಂಗ್ ಹಿಡಿದು ಮನೆ ಮುಟ್ಟಿಸಿದರು. ಮರುದಿನ ಮೈಲಾರಿ ಹೋದ, ಜೊತೆಗೆ ನಾನೂ. ಅಕ್ಕೋರು ತಮ್ಮ ಹಳೇ ವಿದ್ಯಾರ್ಥಿನಿ ಅಫ್ರೀನ್‌ಳನ್ನೂ ಕರೆಸಿದ್ದರು. ಆಕೆ ಕಾಲೇಜು ಬಿಟ್ಟು ಆಟೊಮೊಬೈಲ್ ಡಿಪ್ಲೊಮಾ ಮಾಡಿ, ಈಗ ಸ್ವಂತ ವರ್ಕ್‌ಶಾಪ್ ಇಟ್ಟವಳು.

ಮುಚ್ಚಳ ತೆಗೆದಾಗ ಬೆಲ್ಟು ಉಬ್ಬಿ, ಹಲ್ಲು ಉದುರಿ, ನೆನೆದ ಹಪ್ಪಳದಂತೆ ಜೋತುಬಿದ್ದಿತ್ತು. ಅಫ್ರೀನ್ ಅದನ್ನು ಬೆರಳಲ್ಲಿ ಹಿಚುಕಿ ನೋಡಿದಳು. ಪಕ್ಕದ ಬಿಗಿ ಮಾಡುವ ಸಣ್ಣ ಗಾಲಿಯನ್ನು ತಿರುಗಿಸಿದಳು, ಅದು ಕಿರುಗುಟ್ಟಿತು. ಆವತ್ತು ಕೂಗಿದ್ದು ಬೆಲ್ಟಲ್ಲ, ಈ ಗಾಲಿಯ ಬೇರಿಂಗು; ಬೆಲ್ಟಿನಿಂದ ಜಿನುಗಿದ ಎಣ್ಣೆ ತಾಕಿ ಅದು ಆಗ ಸುಮ್ಮನಾಗಿತ್ತು. ಮೈಲಾರಿಯ ಕಿವಿ ಸರಿಯಾಗೇ ಕೇಳಿತ್ತು. ಕಾಗದ ಬೇರೆ ಹೇಳಿದ್ದರಿಂದ ಅವನು ಕಿವಿಯನ್ನು ಬದಿಗಿಟ್ಟು ಕಾಗದವನ್ನು ನಂಬಿದ್ದ.

ಅಫ್ರೀನ್ ಪುಸ್ತಕ ತೆರೆದಳು. ಪುಟ ಸಿಗುವುದಕ್ಕೆ ಅರ್ಧ ನಿಮಿಷವೂ ಬೇಕಾಗಲಿಲ್ಲ.

“ಬೆಲ್ಟ್ ಒಣಾ ಇರಬೇಕು, ಎಣ್ಣಿ, ಗ್ರೀಸ್ ತಾಕಬಾರದು ಅಂತ ದಪ್ಪ ಅಕ್ಷರದಾಗ ಐತಲ್ರಿ. ಇದಕ್ಕ ಎಣ್ಣಿ ಯಾರು ಹಚ್ಚಿದ್ರು?”

ಮೈಲಾರಿ ಆ ಪುಟವನ್ನು ನೋಡಿದ. ನನ್ನನ್ನು ನೋಡಲಿಲ್ಲ.

“ನಾ ಹಚ್ಚೇನಿ ಅಕ್ಕೋರ. ಮಾಸ್ತರು ಸರಿಯಾಗೇ ಓದಿ ಹೇಳಿದ್ರು. ನನಗ ನೆನಪ ಉಳೀಲಿಲ್ಲ.”

ಅದು ಅವನು ನನಗೆ ಗೊತ್ತಿದ್ದಂತೆ ಹೇಳಿದ ಒಂದೇ ಸುಳ್ಳು. ನಾನು ಅಲ್ಲಿಯೇ, ಒಂದು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದರೆ ಅರ್ಧ ಊರು ನಗಿಸುವ ನಾನು ಆಗ ಮಾಡಿದ್ದು ಇಷ್ಟೇ, ಅಫ್ರೀನ್ ಕೈಯಿಂದ ಪುಸ್ತಕ ಇಸಿದುಕೊಂಡು ಮುಚ್ಚಿಟ್ಟೆ.

ಎಂಟೂ ವಾಲ್ವ್ ಬಾಗಿದ್ದವು. ಬಿಡಿ ಭಾಗಕ್ಕೆ ಆರು ತಿಂಗಳು ಹುಡುಕಿದರು. ಕಡೆಗೆ ಪುಣೆಯ ಹಳೇ ಗಾಡಿಗಳ ಶೋಕಿಯ ಒಬ್ಬರು ಬಂದು, ಇದ್ದ ಹಾಗೆಯೇ ಲಾರಿಯ ಮೇಲೆ ಹೇರಿಕೊಂಡು ಹೋದರು. ಅಕ್ಕೋರು ಈಗ ಸೋಮವಾರ ಬಸ್ಸಿಗೆ ಹೋಗುತ್ತಾರೆ.

ಮೈಲಾರಿಗೆ ಮರೆವು ಬಂದಿದೆ ಎಂಬ ಮಾತು ಧಾರವಾಡದಿಂದ ಹೊರಟ ಚಿಗರಿ ಬಸ್ಸಿಗಿಂತ ಮೊದಲೇ ಹುಬ್ಬಳ್ಳಿ ಮುಟ್ಟಿತು. ಅದನ್ನು ಹಬ್ಬಿಸಲು ನಾನು ಬೇಕಾಗಲಿಲ್ಲ. ಬ್ರೇಕ್ ಕೂಡಿಸಲು ಮರೆತರೆ ಏನು ಗತಿ ಎಂದರು ಒಬ್ಬರು. ಇನ್ನೊಬ್ಬರು ಆಯಿಲ್ ಬದಲಿಸಲು ಬೇರೆ ಕಡೆ ಹೋಗಿ, ಅವನ ಗ್ಯಾರೇಜಿನ ಮುಂದೆ ಬರುವಾಗ ಗಾಜು ಏರಿಸಿಕೊಂಡರು. ಮುಂದಿನ ದೀಪಾವಳಿಗೆ ಹನ್ನೊಂದರ ಬದಲು ಮೂರು ಫಿಯೆಟ್ ಬಂದವು. ಅದರಾಚೆಯ ದೀಪಾವಳಿಗೆ ಒಂದೂ ಇಲ್ಲ. ಅವನು ಬೆಳಿಗ್ಗೆಯೇ ಎಣ್ಣೆಯ ಬಟ್ಟಲು, ಪುಕ್ಕ, ಕುಂಕುಮ ಇಟ್ಟುಕೊಂಡು ಹತ್ತರ ತನಕ ಕೂತಿದ್ದ. ಆಮೇಲೆ ಆ ಎಣ್ಣೆಯನ್ನು ಶಟರಿನ ಕೀಲಿಗೆ ಹಚ್ಚಿ, ಮನೆಗೆ ಹೋಗಿ ಎರೆದುಕೊಂಡ.

ಕಟ್ಟೆಗೆ ಈಗಲೂ ಬರುತ್ತಾನೆ. ನನ್ನ ಕತೆಗೆ ನಗುತ್ತಾನೆ, ಚಹಾ ಹೇಳುತ್ತಾನೆ. ಕಾಗದ ಮಾತ್ರ ತರುವುದಿಲ್ಲ. ಹೋದ ತಿಂಗಳು ಲೈಟಿನ ಬಿಲ್ಲನ್ನು ಔಷಧಿ ಅಂಗಡಿಯವನ ಹತ್ತಿರ ಓದಿಸಿಕೊಳ್ಳುತ್ತಿದ್ದುದನ್ನು ಕಂಡೆ. ನಮ್ಮ ಕಟ್ಟೆಯನ್ನು ದಾಟಿಯೇ ಅಲ್ಲಿಗೆ ಹೋಗಬೇಕು.

ಅದನ್ನು ಕಂಡ ಮೇಲೆ ಕೂತು ಇಲ್ಲಿಯವರೆಗಿನದನ್ನು ಬರೆದೆ. ಮೊದಲು ದಾಕ್ಷಾಯಿಣಿ ಅಕ್ಕೋರಿಗೆ ಒಯ್ದುಕೊಟ್ಟೆ. ಕನ್ನಡಕ ಹಾಕಿಕೊಂಡು, ಪರೀಕ್ಷೆ ಪೇಪರು ತಿದ್ದುವವರಂತೆ ಪೂರ್ತಿ ಓದಿದರು. ನನಗೆ ಕೂಡಲು ಹೇಳಲಿಲ್ಲ.

“ಗಾಡಿ ನಂದಿತ್ತು, ಹೋತು. ಕೆಟ್ಟಿದ್ದು ಅವನ ಹೆಸರು. ಎರಡು ವರ್ಷ ಎಲ್ಲಿದ್ರಿ ಮಾಸ್ತರ? ಮೊದಲ ಅವಗ ತೋರಿಸಿ ಬರ್ರಿ, ಆಮ್ಯಾಲೆ ಊರಿಗೆ ನಾ ಹೇಳತೇನಿ.”

ಮರುದಿನ ಗ್ಯಾರೇಜಿಗೆ ಹೋದೆ. ಶಟರು ಅರ್ಧ ಇಳಿದಿತ್ತು, ಬಗ್ಗಿ ಒಳಗೆ ಹೋಗಬೇಕಾಯಿತು. ಮೈಲಾರಿ ಯಾರದೋ ಮೊಪೆಡ್ಡಿನ ಚೈನು ಬಿಗಿ ಮಾಡುತ್ತಿದ್ದ. ನಾನು ಹಾಳೆಗಳನ್ನು ಮುಂದೆ ಹಿಡಿದು, ನಿನ್ನ ವಿಷಯ ಬರೆದಿದ್ದೇನೆ, ಆವತ್ತು ಪುಸ್ತಕದಲ್ಲಿ ಇಲ್ಲದ್ದನ್ನು ನಾನು ಹೇಳಿದ್ದೂ ಇದರಲ್ಲಿದೆ, ಓದುತ್ತೇನೆ ಕೇಳು ಎಂದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಹಾಳೆಗಳನ್ನು ನೋಡಿದ.

“ಇದು ಬಾಯಿಂದೋ, ಕಾಗದದ್ದೋ, ಮಾಸ್ತರ್ರ?”

ಎರಡು ವರ್ಷದ ಮೇಲೆ ಕೇಳಿದ ಪ್ರಶ್ನೆ. “ಕಾಗದದ್ದು” ಎಂದೆ. ಆವತ್ತು ಹೇಳಿದ್ದೂ ಅದೇ ಶಬ್ದ.

ಅವನು ಕೈ ಒರೆಸಿಕೊಂಡ. ಸಿಟ್ಟೇನೂ ಕಾಣಲಿಲ್ಲ.

“ಅಲ್ಲಿ ಇಟ್ಟು ಹೋಗ್ರಿ. ಅಫ್ರೀನ್ ಗಾಡಿ ಸದ್ದು ಕೇಳಸಾಕ ಸಂಜೀಕೆ ಬರ್ತಾಳ. ಆಕಿ ಕಡೆ ಓದಿಸ್ತೇನಿ.”

ಹಾಳೆಗಳನ್ನು ಮೇಜಿನ ಮೇಲಿಟ್ಟೆ. ಫ್ಯಾನಿನ ಗಾಳಿಗೆ ಹಾರತೊಡಗಿದವು. ಅವನೇ ಎದ್ದು ಬಂದು, ಗೋಡೆಗೆ ನೇತುಹಾಕಿದ್ದ ಉದ್ದನೆಯ ಸ್ಕ್ರೂಡ್ರೈವರನ್ನು ತೆಗೆದು ಅವುಗಳ ಮೇಲೆ ಅಡ್ಡ ಇಟ್ಟ. ಆಮೇಲೆ ಮೊಪೆಡ್ಡಿನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು, ಚೈನಿಗೆ ಎಣ್ಣೆ ಬಿಡತೊಡಗಿದ.