ಹದಿನಾರು ಪುಟದ ಹಠ

ಬೆಳಗಿನ ಐದೂಕಾಲು. ಪಂಪ್‌ಹೌಸಿನ ಕಬ್ಬಿಣದ ಮೆಟ್ಟಿಲ ಮೇಲೆ ರಬ್ಬರ್ ಚಪ್ಪಲಿಯ ಸಪ್ಪಳ ಕೇಳುತ್ತದೆ. ಆಕೆ ಒಳಗೆ ಬಂದು ಮೊದಲು ಒಂದನೇ ಪಂಪಿನ ಮೈಮೇಲೆ ಅಂಗೈ ಇಟ್ಟು ನೋಡುತ್ತಾರೆ, ಮಗುವಿನ ಜ್ವರ ನೋಡುವ ಹಾಗೆ. ಆಮೇಲೆ ಸ್ವೆಟರಿನ ತೋಳಿನಿಂದ ಕನ್ನಡಕ ಒರೆಸಿಕೊಂಡು, ಮೂಲೆಯ ಮೇಜಿನ ಮುಂದೆ ಕೂತು, ಪರದೆಯ ಮೇಲೆ ಒಂದೇ ಒಂದು ಸಾಲು ಬರೆದು, ಕೈ ಕಟ್ಟಿ ಕಾಯುತ್ತಾರೆ. ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡು ಆಕೆಯನ್ನು ಯಾರೂ ಮಾತಾಡಿಸುವುದಿಲ್ಲ.

ಮನುಷ್ಯರು ಬರೆದ ಸೂಚನೆಗಳನ್ನು ಯಂತ್ರಕ್ಕೆ ತಿಳಿಯುವ ಅಂಕಿಗಳನ್ನಾಗಿ ಮಾಡುವ ಕಂಪೈಲರ್ ಆ ಪರದೆಯ ಕೆಳಗಿನ ಪೆಟ್ಟಿಗೆಯೊಳಗಿದೆ. ಅದನ್ನು ಬರೆದಿರುವುದೂ ಆ ಸೂಚನೆಗಳ ಭಾಷೆಯಲ್ಲೇ. ದಿನಾ ಬೆಳಿಗ್ಗೆ ಆಕೆ ಅದರ ಕೈಯಲ್ಲಿ ಅದನ್ನೇ ಅನುವಾದ ಮಾಡಿಸುತ್ತಾರೆ. ಬಂದದ್ದು ನಿನ್ನೆಯದಕ್ಕೆ ಅಕ್ಷರಕ್ಕಕ್ಷರ ತಾಳೆಯಾಗಬೇಕು. ತಾಳೆಯಾಗಲಿಲ್ಲವೋ, ಅವತ್ತು ಪಂಪುಗಳ ಸೂಚನೆಯಲ್ಲಿ ಯಾರೂ ಏನನ್ನೂ ಬದಲಿಸುವಂತಿಲ್ಲ.

"ತನ್ನನ್ನ ತಾನೇ ಓದ್ಕೊಳಕ್ಕೆ ಬರ್ದೇ ಇರೋದು ಇನ್ನು ಊರಿಗೆ ನೀರು ಬಿಡುತ್ತಾ?" ಎನ್ನುತ್ತಾರೆ. ಪರದೆಯ ಮೇಲೆ 'ಸರಿ' ಎಂದು ಬರುತ್ತದೆ. ಆಕೆ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ.

ಆಕೆಗೀಗ ಅರವತ್ತೊಂದು. ಪಂಪ್‌ಹೌಸಿನವರೆಲ್ಲ ಕರೆಯುವುದು 'ಕತ್ತರಿ' ಎಂದು, ಎದುರಿಗೆ 'ಕತ್ತರಿ ಅಕ್ಕ'. ಹಾಜರಿ ಪುಸ್ತಕದಲ್ಲಿ ಆಕೆಯ ಹುದ್ದೆ ಇಂದಿಗೂ 'ಮೀಟರ್ ಬರಹಗಾರ್ತಿ'. ಮೂವತ್ತನಾಲ್ಕು ವರ್ಷದಿಂದ ಮೂರು ಪಂಪು, ಇಪ್ಪತ್ತೆರಡು ಕವಾಟ, ನಲವತ್ತೊಂದು ಸಾವಿರ ನಲ್ಲಿಗಳನ್ನು ನಡೆಸುತ್ತಿರುವ ಭಾಷೆಯನ್ನು ಕಟ್ಟಿದವರಲ್ಲಿ ಈಕೆ ಒಬ್ಬರು ಎಂಬುದು ಆ ನಲ್ಲಿ ತಿರುಗಿಸುವ ಒಬ್ಬರಿಗೂ ಗೊತ್ತಿಲ್ಲ. ಭಾಷೆಯ ಹೆಸರು 'ಗೂಡು'. ಅದಕ್ಕಿರುವುದು ಇಪ್ಪತ್ತೊಂಬತ್ತು ಪದ. ವ್ಯಾಕರಣ, ನಿಯಮ, ಉದಾಹರಣೆ ಎಲ್ಲ ಸೇರಿ ಹದಿನಾರು ಪುಟ.

ಮೀಟರಿನ ಮುಳ್ಳು ನೋಡಿ ಕಾಗದದಲ್ಲಿ ಬರೆದುಕೊಳ್ಳುವ ಕೆಲಸಕ್ಕೆ ಆಕೆ ಸೇರಿದ ವರ್ಷವೇ ಪಂಪ್‌ಹೌಸಿಗೆ ಮೊದಲ ಕಂಪ್ಯೂಟರ್ ಬಂತು. ಬೀರುವಿನಷ್ಟು ಎತ್ತರ, ನೆನಪಿನ ಶಕ್ತಿ ಮಾತ್ರ ಅಂಗೈಯಷ್ಟು. ಜತೆಗೆ ಬಂದ ಭಾಷೆಗೆ ಮೂರು ಸಂಪುಟದ ಕೈಪಿಡಿ. ಮೂಗಿಗಿಂತ ಮೂಗುತಿ ಭಾರ. ಅದರ ಕಂಪೈಲರನ್ನು ಒಳಗೆ ತುಂಬಿದರೆ ಪಂಪಿನ ಸೂಚನೆಗೆ ಜಾಗವೇ ಉಳಿಯುತ್ತಿರಲಿಲ್ಲ. ಅಲ್ಲಿದ್ದ ಹಿರಿಯ ಇಂಜಿನಿಯರ್, ಎಲ್ಲರ ಬಾಯಲ್ಲಿ 'ಮೇಷ್ಟ್ರು', ಮೂರೂ ಸಂಪುಟವನ್ನು ಕಿಟಕಿ ಬಡಿಯದಂತೆ ಅಡ್ಡ ಇಟ್ಟು, ಮೀಟರ್ ಬರೆಯುತ್ತಿದ್ದ ಹುಡುಗಿಯನ್ನು ಕರೆದರಂತೆ.

"'ನಿನ್ನ ಬರಹದಲ್ಲಿ ಒಂದು ಅಂಕಿ ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಬಾ, ನಾವೇ ಒಂದು ಭಾಷೆ ಮಾಡೋಣ' ಅಂದ್ರು. ನಾನು 'ಸರ್, ನನಗೆ ಬರಲ್ಲ' ಅಂದೆ. 'ಅದಕ್ಕೇ ಕರೆದಿದ್ದು, ಬರೋರು ಸುಮ್ನೆ ಸೇರಿಸ್ತಾ ಹೋಗ್ತಾರೆ' ಅಂದ್ರು."

ಎರಡು ವರ್ಷ, ಹಳೆಯ ಮೀಟರ್ ಕಾಗದಗಳ ಬೆನ್ನಿನ ಮೇಲೆ, ಇಬ್ಬರೂ ಬರೆದರು, ಅಳಿಸಿದರು. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ಗಾದೆಯನ್ನು ಮೇಷ್ಟ್ರು ಗೋಡೆಯ ಮೇಲೆ ಬಳಪದಲ್ಲಿ ಬರೆದಿದ್ದರು. ಗೂಡಿನ ಮೂಲ ಯೋಚನೆ ಹೇಳುವುದಕ್ಕೆ ಒಂದು ಉಸಿರು ಸಾಕು. ಪ್ರತಿಯೊಂದು ಕೆಲಸವೂ ಒಂದು ಕೋಣೆ: ಒತ್ತಡ ಅಳೆಯುವುದು ಒಂದು, ಕವಾಟ ತಿರುಗಿಸುವುದು ಇನ್ನೊಂದು. ಪ್ರತಿ ಕೋಣೆಗೂ ಒಂದೇ ಬಾಗಿಲು, ಬಾಗಿಲ ಮೇಲೊಂದು ಪಟ್ಟಿ. ಪಟ್ಟಿಯಲ್ಲಿ ಇರುವುದನ್ನು ಬೇರೆ ಕೋಣೆ ಕೇಳಬಹುದು. ಇಲ್ಲದ್ದನ್ನು ಮುಟ್ಟುವ ಹಾಗಿಲ್ಲ. ತನಗಿಂತ ಮೊದಲೇ ಕಟ್ಟಿ ಮುಗಿದ ಕೋಣೆಯಿಂದ ಮಾತ್ರ ಏನನ್ನಾದರೂ ತರಬಹುದು. ಕಿಟಕಿಯಿಲ್ಲ, ಹಿತ್ತಿಲ ದಾರಿಯಿಲ್ಲ, ಬಲ್ಲವರಿಗೆಂದು ವಿನಾಯಿತಿಯೂ ಇಲ್ಲ.

"ಮನೇಲೂ ಅಷ್ಟೇ ಅಲ್ವಾ?" ಎನ್ನುತ್ತಾರೆ ಕತ್ತರಿ. "ಬೇಕಾದ್ದನ್ನ ಬಾಗಿಲಿಗೆ ಬಂದು ಕೇಳಿ, ಕೊಡ್ತೀನಿ. ನನ್ನ ಬೀರು ತೆಗೆದು ನೀವೇ ತಗೊಂಡ್ರೆ ಅದು ನೆಂಟಸ್ತನ ಅಲ್ಲ, ಕಳ್ಳತನ."

ಪುಟ ಹದಿನಾರನ್ನು ದಾಟಬಾರದೆಂಬ ಕಟ್ಟಳೆ ಬಂದದ್ದೂ ಆಗಲೇ. ಹೊಸದೊಂದು ಬೇಕೆಂದರೆ ಹಳೆಯದೊಂದು ಜಾಗ ಬಿಡಬೇಕು. ಪದ್ಯಗಳನ್ನು ಕಿವಿಯಿಂದ ಕಲಿತವರಿಗೆ ಇದು ವಿಚಿತ್ರವೆನಿಸದು. ಒಂದು ಮಾತ್ರೆ ಹೆಚ್ಚಾದರೂ ನಾಲಿಗೆ ಎಡವುವುದು ಅವರಿಗೆ ಗೊತ್ತು. ಕತ್ತರಿಯ ಒರೆಗಲ್ಲೂ ಕಿವಿಯೇ. ಹೊಸ ನಿಯಮ ಬರೆದರೆ ಮೊದಲು ಮನೆಯಲ್ಲಿ ತಮ್ಮ ಅಕ್ಕನಿಗೆ ಓದಿ ಹೇಳುತ್ತಾರೆ. ಅಕ್ಕ ದರ್ಜಿ. ಹೊಲಿಗೆ ಯಂತ್ರ ತುಳಿಯುತ್ತ ಕೇಳುತ್ತಾರೆ. ಕೇಳಿ, ಕಾಲು ನಿಲ್ಲಿಸದೆ ತಿರುಗಿ ಹೇಳಿಬಿಟ್ಟರೆ ನಿಯಮ ಉಳಿಯಿತು. ಕಾಲು ನಿಲ್ಲಿಸಿ "ಏನಂದೆ?" ಎಂದರೆ ಹೋಯಿತು.

"ಕಂಪ್ಯೂಟರ್ ಅಂದ್ರೆ ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ," ಅಕ್ಕ ನಗುತ್ತಾರೆ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ. "ಹದಿನಾರು ಪುಟಾನೂ ಬಾಯಿಪಾಠ ಬರುತ್ತೆ ಮಾತ್ರ. ಕತ್ತರಿ ಹಿಡಿದು ಬೆರಳು ಸವೆದಿದ್ದು ನಂದು, ಹೆಸರು ಬಂದಿದ್ದು ಇವಳಿಗೆ!"

"ನೀನು ಬಟ್ಟೆ ಕತ್ತರಿಸಿ ಮತ್ತೆ ಜೋಡಿಸ್ತೀಯ ಕಣೇ, ನಾನು ಜೋಡಿಸಲ್ಲ," ಎಂದು ತಂಗಿಯ ಉತ್ತರ.

ಜೋಡಿಸಬೇಕಾಗಿ ಬಂದದ್ದೂ ಒಮ್ಮೆ ಉಂಟು. ಆ ಕತೆಯನ್ನು ಆಕೆ ಮುಚ್ಚಿಡುವುದಿಲ್ಲ. ಗೂಡಿಗೆ ಹನ್ನೊಂದು ವರ್ಷವಾಗಿತ್ತು. ಒಂದೇ ಕೆಲಸವನ್ನು ಇಂತಿಷ್ಟು ಬಾರಿ ಮಾಡಿಸಲು 'ಸಲ' ಎಂಬ ಪದವಿತ್ತು. ಇಂಥದ್ದು ಆಗುವವರೆಗೆ ಮಾಡು ಎನ್ನಲು 'ತನಕ' ಇದ್ದೇ ಇದೆ, ಅದರಿಂದಲೇ ಎಣಿಸಿಕೊಳ್ಳಬಹುದಲ್ಲ, ಎರಡೇಕೆ ಎಂದು ಹುರುಪಿನಲ್ಲಿ 'ಸಲ'ವನ್ನು ಕತ್ತರಿಸಿ ಎಸೆದರು. ಮೇಷ್ಟ್ರು ಬೇಡವೆಂದರೂ ಕೇಳಲಿಲ್ಲ. ಮೂರು ವಾರ ಕಳೆಯಿತು. ನೀರಿನ ಶೋಧಕ ತೊಳೆಯುವ ಕೆಲಸವನ್ನು ಆರು ಬಾರಿ ಮಾಡಿಸಲು, ಕವಾಟ ನೋಡಿಕೊಳ್ಳುವವರಲ್ಲಿ ಒಬ್ಬರು 'ತನಕ' ಬಳಸಿ ಬರೆದರು. ಪ್ರತಿ ಸುತ್ತಿಗೂ ಒಂದು ಕೂಡಿಸಬೇಕಾದ್ದನ್ನು ಮರೆತರು. ಎಣಿಕೆ ಸೊನ್ನೆಯಲ್ಲೇ ನಿಂತಿತು, ನೀರು ನಿಲ್ಲಲಿಲ್ಲ. ನಾಲ್ಕು ಗಂಟೆ ಹೊತ್ತು ಹರಿದು ಅಂಗಳವೆಲ್ಲ ಕೆರೆಯಾಯಿತು. ಉಗ್ರಾಣದ ಸಿಮೆಂಟ್ ಚೀಲಗಳು ಕೂತಲ್ಲೇ ಕಲ್ಲಾದವು.

"ಮಂಡಿವರೆಗೂ ನೀರಲ್ಲಿ ನಿಂತಿದ್ದೆ. ಕವಾಟದೋನು ಅಳ್ತಾ ಇದ್ದ, 'ತಪ್ಪು ನಂದೇ ಅಕ್ಕಾ' ಅಂತ. ನಾನಂದೆ, 'ನಿಂದಲ್ಲ ಕಣಪ್ಪ, ನಂದು. ಎಲ್ಲರೂ ಮರೆಯೋದನ್ನ ನೆನಪಿಟ್ಕೊಳ್ಳೋದಕ್ಕೇ ಭಾಷೆ ಇರೋದು.' ಚಿಕ್ಕದು ಮಾಡೋದು ಬೇರೆ, ಕುಂಟು ಮಾಡೋದು ಬೇರೆ. ಅವತ್ತು ಕಲಿತೆ." 'ಸಲ' ಮರಳಿ ಬಂತು. ಅದಕ್ಕೆ ಜಾಗ ಮಾಡಿಕೊಡಲು, ತಾವೇ ಬಹಳ ಇಷ್ಟಪಟ್ಟು ಬರೆದಿದ್ದ ಭಿನ್ನರಾಶಿಯ ನಿಯಮವೊಂದನ್ನು ತೆಗೆದುಹಾಕಿದರು. ಯಾರೂ ಆಕೆಗೆ ಶಿಕ್ಷೆ ಕೊಡಲಿಲ್ಲ. ಆಕೆ ತಮಗೆ ತಾವೇ ಕೊಟ್ಟುಕೊಂಡ ಶಿಕ್ಷೆ ಇದು.

ಮೇಷ್ಟ್ರು ತೀರಿಕೊಂಡು ಒಂಬತ್ತು ವರ್ಷ. ಅಂದಿನಿಂದ ಗೂಡಿನ ಹೊಣೆ ಒಂಟಿ ಹೆಗಲ ಮೇಲಿದೆ. ಕವಾಟದವರು ತಮ್ಮ ತಮ್ಮ ಕೋಣೆಗಳಿಗೆ ಬೇಕಾದ್ದನ್ನು ಬರೆದುಕೊಳ್ಳುತ್ತಾರೆ. ಭಾಷೆಗೆ ಕೈ ಹಾಕುವ ಧೈರ್ಯ ಯಾರಿಗೂ ಇಲ್ಲ. ಕುತ್ತು ಬಂದದ್ದು ಅಲ್ಲಿಂದಲೇ. ನಾಲ್ಕನೇ ಪಂಪು ಬರಲಿದೆ, ಅದರೊಡನೆ ಪರಿಶೀಲನಾ ಕಮಿಟಿಯೂ ಬಂತು. ಅಧ್ಯಕ್ಷರು ಹದಿನಾರು ಪುಟವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇಷ್ಟೇನಾ?" ಎಂದರು.

"ಇಷ್ಟೇ."

"ಬೇರೆ ಭಾಷೆಗಳಲ್ಲಿ ಏನೆಲ್ಲಾ ಬಂದಿದೆ ನೋಡಿ. ನಮ್ಮವರು ನಲವತ್ತು ಅಂಶ ಪಟ್ಟಿ ಮಾಡಿದ್ದಾರೆ. ಅವನ್ನ ಸೇರಿಸಿ, ಇಲ್ಲಾಂದ್ರೆ ಗೂಡನ್ನ ತೆಗೆದು ದೊಡ್ಡ ವ್ಯವಸ್ಥೆ ಹಾಕ್ತೀವಿ. ನಾಳೆ ನಿಮಗೇನಾದ್ರೂ ಆದ್ರೆ ಇದನ್ನ ಬಲ್ಲೋರು ಯಾರಮ್ಮ?"

"ನಲವತ್ತು ಸೇರಿಸಿದ್ರೆ ನಾನಿದ್ರೂ ಬಲ್ಲೋರು ಇರಲ್ಲ," ಎಂದರು ಕತ್ತರಿ. ಮುಂದಿನ ಮಾತನ್ನು ಆಡುವಾಗ ಎದ್ದು ನಿಂತಿದ್ದರೆಂದು ಕವಾಟದವರು ಇವತ್ತಿಗೂ ಹೇಳಿ ತೋರಿಸುತ್ತಾರೆ. "ಒಂದು ಮಾಡಿ ಸ್ವಾಮಿ. ಇದನ್ನ ಕಣ್ಣಲ್ಲೂ ನೋಡದೇ ಇರೋರನ್ನ ಒಬ್ಬರನ್ನ ಕರೆಸಿ. ಪುಸ್ತಕ ಕೊಡ್ತೀನಿ, ಬಾಯಿ ಬಿಡಲ್ಲ. ಒಂದೇ ದಿನದಲ್ಲಿ ನಾಲ್ಕನೇ ಪಂಪಿನ ಕೋಣೆ ಕಟ್ಟಲಿ. ಆಗಲಿಲ್ವಾ, ನಿಮ್ಮ ದೊಡ್ಡದನ್ನ ಬಾಗಿಲು ತೆಗೆದು ನಾನೇ ಒಳಗೆ ಕರೀತೀನಿ."

ಹೋದ ವಾರ ಪರೀಕ್ಷೆಯ ದಿನ ಬಂತು. ಬಂದವರು ಬೇರೆ ಸ್ಥಾವರದ ಇಂಜಿನಿಯರ್, ನಲವತ್ತರ ಆಸುಪಾಸಿನ ಹೆಂಗಸು, ದೊಡ್ಡ ದೊಡ್ಡ ಭಾಷೆಗಳಲ್ಲೇ ಕೈ ಪಳಗಿದವರು. ನಿಜವಾದ ಪಂಪಿನ ಬದಲು ಒಂದು ಹಲಗೆಯ ಮೇಲೆ ಮೂರು ದೀಪ: ಹಸಿರು ಓಟ, ಬಿಳಿ ನಿಲುಗಡೆ, ಕೆಂಪು ಬಿಸಿ. ಬಿಸಿ ಮಿತಿಮೀರಿದರೆ ಪಂಪು ತಾನಾಗಿ ನಿಲ್ಲಬೇಕು. ಕತ್ತರಿ ಕಿಟಕಿಯ ಬಳಿ ಸ್ಟೂಲಿನ ಮೇಲೆ ಕಿತ್ತಳೆ ಹಣ್ಣು ಹಿಡಿದು ಕೂರುತ್ತಾರೆ.

ಒಂಬತ್ತಕ್ಕೆ ಪುಸ್ತಕ ಹಿಡಿದ ಇಂಜಿನಿಯರ್ ಹತ್ತೂ ಇಪ್ಪತ್ತಕ್ಕೆ ಕೊನೆಯ ಪುಟ ಮುಚ್ಚುತ್ತಾರೆ. "ಮುಗೀತಾ?" ಎಂದು ತಮ್ಮನ್ನೇ ಕೇಳಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. ಬರೆಯಲು ಕೂರುತ್ತಾರೆ. ಹನ್ನೆರಡರ ಹೊತ್ತಿಗೆ ಕಂಪೈಲರ್ ತಡೆಯುತ್ತದೆ: 'ಈ ಹೆಸರು ಬಾಗಿಲ ಪಟ್ಟಿಯಲ್ಲಿಲ್ಲ.' ಒತ್ತಡದ ಕೋಣೆಯೊಳಗಿನ ಅಂಕಿಗೆ ಅವರು ನೇರವಾಗಿ ಕೈ ಹಾಕಿದ್ದಾರೆ.

"ಎಲ್ಲಾ ಕಡೆ ಇದು ನಡೆಯುತ್ತಪ್ಪಾ!" ಎಂದು ಗೊಣಗುತ್ತಾರೆ.

ಕತ್ತರಿಯ ಬಾಯಿ ತೆರೆಯುತ್ತದೆ. ಕವಾಟದವರು ಕೆಮ್ಮುತ್ತಾರೆ. ಆಕೆ ಕಿತ್ತಳೆಯ ತೊಳೆಯೊಂದನ್ನು ಬಾಯಿಗೆ ತುರುಕಿಕೊಂಡು ಕಿಟಕಿಯಾಚೆ ನೋಡುತ್ತಾರೆ. ಇಂಜಿನಿಯರ್ ಮತ್ತೆ ಪುಸ್ತಕ ತೆರೆಯುತ್ತಾರೆ, ನಾಲ್ಕನೇ ಪುಟದಲ್ಲಿ ಬೆರಳಿಟ್ಟು ಓದುತ್ತಾರೆ, ಬರೆದದ್ದನ್ನು ಅರ್ಧಕ್ಕರ್ಧ ಅಳಿಸುತ್ತಾರೆ. ಊಟಕ್ಕೆ ಏಳುವುದಿಲ್ಲ. ಎರಡೂ ನಲವತ್ತಕ್ಕೆ ಹಲಗೆಯ ಮೇಲೆ ಹಸಿರು ಹತ್ತುತ್ತದೆ. ಕವಾಟದವರೊಬ್ಬರು ಬಿಸಿ ಅಳೆಯುವ ತಂತಿಯನ್ನು ಚಹಾದ ಲೋಟಕ್ಕೆ ಅದ್ದುತ್ತಾರೆ. ಕೆಂಪು ಹತ್ತಿ, ಹಸಿರು ಆರಿ, ಬಿಳಿ ಬರುತ್ತದೆ.

ಯಾರೂ ಚಪ್ಪಾಳೆ ತಟ್ಟುವುದಿಲ್ಲ, ಏಕೆಂದರೆ ಇಂಜಿನಿಯರ್ ಇನ್ನೂ ಪುಸ್ತಕವನ್ನೇ ನೋಡುತ್ತಿದ್ದಾರೆ.

"ಅಮ್ಮಾ, ಈಗ ಮಾತಾಡಬಹುದಲ್ವಾ? ಹನ್ನೊಂದನೇ ಪುಟದಲ್ಲಿ 'ಯಾವ ಕೋಣೆಯೂ ತನ್ನಿಂದಲೇ ಏನನ್ನೂ ತರುವಂತಿಲ್ಲ' ಅಂತ ಇದೆ. ಇದು ಯಾಕೆ?"

"ಯಾಕೆ ಅಂದ್ರೆ? ತರಬಾರದು, ಅದಕ್ಕೆ."

"ತನಗಿಂತ ಮೊದಲು ಮುಗಿದ ಕೋಣೆಯಿಂದ ಮಾತ್ರ ತರಬಹುದು ಅಂತ ನಾಲ್ಕನೇ ಪುಟದಲ್ಲೇ ಹೇಳಿದ್ದೀರಿ. ತನಗಿಂತ ಮೊದಲು ತಾನೇ ಮುಗಿದಿರಕ್ಕೆ ಆಗುತ್ತಾ? ಈ ವಾಕ್ಯ ಬೇಕಾಗಿಲ್ಲ."

"ಅದು ಮೇಷ್ಟ್ರು ಬರೆದ ವಾಕ್ಯ," ಎನ್ನುವಾಗ ಕತ್ತರಿಯ ದನಿ ಗಡುಸಾಗಿದೆ. "ಮೂವತ್ತನಾಲ್ಕು ವರ್ಷದಿಂದ ಅಲ್ಲೇ ಇದೆ."

"ಇರಬಹುದಮ್ಮ. ಆದ್ರೂ ಬೇಕಾಗಿಲ್ಲ."

ಕತ್ತರಿ ಪುಸ್ತಕ ಕಸಿದುಕೊಂಡು ನಾಲ್ಕನೇ ಪುಟ ಓದುತ್ತಾರೆ, ಹನ್ನೊಂದನೆಯದು ಓದುತ್ತಾರೆ, ಮತ್ತೆ ನಾಲ್ಕಕ್ಕೆ ಬರುತ್ತಾರೆ. ತುಟಿ ಅಲ್ಲಾಡುತ್ತಿದೆ, ಜಪದ ಹಾಗೆ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಎಡಗೈಯಿಂದ ಹಾಳೆಯನ್ನು ಒತ್ತಿ ಹಿಡಿದು, ಆ ವಾಕ್ಯದ ಮೇಲೆ ಒಂದು ನೇರ ಗೆರೆ ಎಳೆಯುತ್ತಾರೆ. ಗೆರೆ ಎಳೆದಾದ ಮೇಲೂ ಬೆರಳು ಸ್ವಲ್ಪ ಹೊತ್ತು ಅಲ್ಲೇ ಇರುತ್ತದೆ.

ಅಷ್ಟರಲ್ಲಿ ಅಧ್ಯಕ್ಷರು ಬರುತ್ತಾರೆ. ಕವಾಟದವರು ದೀಪ ಹತ್ತಿಸಿ ತೋರಿಸುತ್ತಾರೆ, ಲೋಟದಲ್ಲಿ ತಂತಿ ಅದ್ದಿ ತೋರಿಸುತ್ತಾರೆ. ಅಧ್ಯಕ್ಷರು ಎರಡು ಸಲ ನೋಡಿ, ಇಂಜಿನಿಯರರ ಮುಖವನ್ನೂ ನೋಡಿ, ಗೂಡು ಇರಲಿ ಎಂದು ವರದಿಯಲ್ಲಿ ಬರೆಯಲು ಒಪ್ಪುತ್ತಾರೆ. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸಿಲ್ಲ. "ಸರಿ, ಸೋತೆ ಅಂತಿಟ್ಕೊಳ್ಳಿ. ನಲವತ್ತು ಬೇಡ. ನಮ್ಮ ಪಟ್ಟೀಲಿ ಹತ್ತಾದ್ರೂ ಸೇರಿಸ್ತೀರಾ?"

"ಸೇರಿಸೋದಾ?" ಕತ್ತರಿ ಪುಸ್ತಕವನ್ನು ಅವರ ಮುಂದೆ ತಿರುಗಿಸಿ ಗೆರೆ ಎಳೆದ ಜಾಗ ತೋರಿಸುತ್ತಾರೆ. "ಈಗಷ್ಟೇ ಒಂದು ತೆಗೆದ್ವಿ ಸ್ವಾಮಿ."

ಅಧ್ಯಕ್ಷರು ಹೋದ ಮೇಲೆ ಇಂಜಿನಿಯರ್ ಚೀಲ ಹೆಗಲಿಗೇರಿಸುತ್ತಾರೆ. ಕತ್ತರಿ ಮೆಟ್ಟಿಲವರೆಗೆ ಜತೆಗೆ ಬಂದು, ಉಳಿದಿದ್ದ ಕಿತ್ತಳೆಯ ಅರ್ಧವನ್ನು ಅವರ ಕೈಗಿಡುತ್ತಾರೆ. ಈ ಲೇಖನ ಪತ್ರಿಕೆಯಲ್ಲಿ ಬರುವುದರಿಂದ ಏನಾದರೂ ಆಗಬೇಕೆಂಬ ಆಸೆ ಇದೆಯೇ ಎಂಬ ನಮ್ಮ ಪ್ರಶ್ನೆಗೆ ಆಕೆ ಬೆಳಗಿನಿಂದ ಉತ್ತರ ಕೊಟ್ಟಿಲ್ಲ. ಈಗಲೂ ಕೊಡುವುದಿಲ್ಲ. ಆಕೆ ಮಾತಾಡುವುದು ಇಂಜಿನಿಯರರ ಜತೆ.

"ಶುಕ್ರವಾರ ಬಿಡುವಿದ್ರೆ ಬಾಮ್ಮ. ಆ ಪುಸ್ತಕದಲ್ಲಿ ಇನ್ನೂ ಎರಡು ಪುಟ ಜಾಸ್ತಿ ಇದೆ ಅಂತ ನನಗೆ ಬಹಳ ದಿನದಿಂದ ಅನುಮಾನ."